ಡೆಲಾ ಕತ್ತರಿಸಿಟ್ಟ ತೊಂಬತ್ತಾರು ತುಂಡು

ನಾನು ಹೊಲಿದ ಗರಗಸದಂಚಿನ ಮೇಲೆ ಬೆರಳಾಡಿಸಿ "ಅಬ್ಬಾ!" ಅನ್ನದ ಹೆಂಗಸು ಓಹಾಯೋದ ನಮ್ಮ ಕಣಿವೆಯಲ್ಲಿ ಇಲ್ಲ. ಕೌದಿಯ ಸುತ್ತ ಪುಟ್ಟ ತ್ರಿಕೋನಗಳನ್ನು ಗರಗಸದ ಹಲ್ಲಿನಂತೆ ಸಾಲಾಗಿ ಕೂರಿಸುವ ಅಂಚು ಅದು. ಒಂದೊಂದರ ತುದಿಯೂ ಮೊನಚಾಗಿ ನಿಲ್ಲಬೇಕು, ನಾಲ್ಕು ಮೂಲೆಯಲ್ಲೂ ಸಾಲು ಸರಿಯಾಗಿ ಕೂಡಬೇಕು. ಒಂದು ತುಂಡಿನಲ್ಲಿ ಒಂದೆಳೆ ತಪ್ಪಿದರೆ ಒಂದು ಬದಿಯ ಇಪ್ಪತ್ತನಾಲ್ಕು ತುಂಡಿಗೆ ಇಪ್ಪತ್ತನಾಲ್ಕು ಎಳೆ ತಪ್ಪಿತು ಅಂತಲೇ. ಕುದುರೆಬಂಡಿ ಬಿಡದ ಹಳೇಕಾಲದ ಕ್ರೈಸ್ತ ಪಂಗಡ ನಮ್ಮದು, ಜಂಬ ದೊಡ್ಡ ಪಾಪ ಎಂದು ತೊಟ್ಟಿಲಿನಿಂದಲೇ ಕೇಳಿ ಬೆಳೆದವರು ನಾವು. ಅದಕ್ಕೇ ಯಾರಾದರೂ ಹೊಗಳಿದರೆ ತಲೆ ತಗ್ಗಿಸಿ "ಏನೋ, ಕೈಗೆ ಬಂದಷ್ಟು" ಅನ್ನುತ್ತಿದ್ದೆ, ಒಳಗೊಳಗೇ ಹಿರಿಹಿರಿ ಹಿಗ್ಗುತ್ತಿದ್ದೆ. ಆ ಹಿಗ್ಗಿಗಿಷ್ಟು ಬೆಂಕಿ ಹಾಕ!

ಎನೋಸನನ್ನು ಮದುವೆಯಾದಾಗ ನನಗೆ ಮೂವತ್ತೇಳು, ಅವನ ಮಗಳು ಲೊವೀನಳಿಗೆ ಹನ್ನೆರಡು. ಅವಳ ತಾಯಿ ಡೆಲಾ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮಲ್ಲಿ ಮಕ್ಕಳು ದೊಡ್ಡವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಅದರಲ್ಲಿ ಅಗೌರವವೇನೂ ಇಲ್ಲ. ಹೆತ್ತವರನ್ನು ಮಾತ್ರ ಯಾರೂ ಹೆಸರಿನಿಂದ ಕರೆಯುವುದಿಲ್ಲ. ಒಂಬತ್ತು ವರ್ಷ ಆ ಹುಡುಗಿ ನನ್ನನ್ನು ಸಲೋಮ ಅಂದಳು. ಒಂದು ದಿನವೂ ಎದುರು ಮಾತಾಡಲಿಲ್ಲ, ಮುಖ ಗಂಟು ಹಾಕಲಿಲ್ಲ. ಹಸು ಕರೆದು ಬಂದರೂ ಸಲೋಮ, ಜ್ವರ ಬಂದು ಮಲಗಿದರೂ ಸಲೋಮ. ನನ್ನ ಹೊಟ್ಟೆಯಲ್ಲಿ ಮಕ್ಕಳು ಹುಟ್ಟಲಿಲ್ಲ. "ಅಮ್ಮ" ಎಂಬ ಒಂದು ಮಾತಿಗೆ ನಾನು ಎಷ್ಟು ಹಸಿದಿದ್ದೆ ಎಂಬುದನ್ನು ಎನೋಸನಿಗೂ ಹೇಳಿರಲಿಲ್ಲ.

ಆ ವರ್ಷ ಎನೋಸ್ ಹಿತ್ತಲಿನಲ್ಲಿ ನಾಲ್ಕು ಉದ್ದ ಸಾಲು ಸೆಲರಿ ನೆಟ್ಟ. ನಮ್ಮ ಮದುವೆಯೂಟಕ್ಕೆ ಆ ಸೊಪ್ಪಿನ ದಂಟು ಬೇಕೇ ಬೇಕು, ಅಷ್ಟು ನೆಟ್ಟರೆ ಆ ಮನೆಯಲ್ಲಿ ನವೆಂಬರಿಗೆ ಮದುವೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುತ್ತಾರೆ. ಲೊವೀನಳಿಗೆ ಕೊಡಲೆಂದು ನಾನು ಕೌದಿ ಹಿಡಿದಿದ್ದೆ. ಕಪ್ಪು ಬಟ್ಟೆಯ ನಡುವೆ ಎಂಟು ಮೂಲೆಯ ದೊಡ್ಡ ನಕ್ಷತ್ರ, ಅದರ ತುದಿಗಳು ಬಟ್ಟೆಯ ಅಂಚಿನ ತನಕ ಚಾಚಿದ್ದವು. ಅಂತಹ ನಕ್ಷತ್ರವನ್ನು ನಾನು ಅದಕ್ಕೆ ಮೊದಲು ಹೊಲಿದಿರಲಿಲ್ಲ. ಅದು ಮುಗಿದ ದಿನ ಲೊವೀನ ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ಮಡಿಲಿಗಿಟ್ಟಳು.

"ಸಲೋಮ, ಇದು ಅಮ್ಮಂದು. ಹಾಸಿಗೇಲಿ ಕೂತ್ಕೊಂಡೇ ಕತ್ತರಿಸಿದ್ಲು, ನನ್ನ ಮದುವೆ ಕೌದಿ ಅಂಚಿಗೆ ಅಂತ. ನಡುಭಾಗ ಯಾರಾದ್ರೂ ಹೊಲೀಲಿ, ಅಂಚು ನಂದು ಅಂತಿದ್ಲು. ಹೊಲಿಯೋಕೆ ಮಾತ್ರ ಆಗ್ಲಿಲ್ಲ."

"ಎಷ್ಟಿವೆ?"

"ತೊಂಬತ್ತಾರು. ಹಿಂದೆ ನಂಬರ್ ಬರ್ದಿದ್ದಾಳೆ ನೋಡು. ನೀನೇ ಹೊಲ್ಕೊಡ್ತೀಯಾ? ನನ್ನ ಕೈಗೆ ಕೊಟ್ರೆ ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗೇ."

"ಕೊಡು, ಕೊಡು. ನೀನು ಹೊಲಿದ ಏಪ್ರನ್ನು ಹಸೂಗೂ ಬೇಡ," ಅಂದೆ. ನಕ್ಕಳು. ನನ್ನ ಎದೆ ತುಂಬಿ ಬಂತು. ನನ್ನ ನಕ್ಷತ್ರದ ಸುತ್ತ ಡೆಲಾಳ ಅಂಚು. ಹುಡುಗಿ ನನ್ನನ್ನು ತನ್ನ ತಾಯಿಯ ಪಕ್ಕದಲ್ಲಿ ಕೂರಿಸಿದ್ದಳು.

ಮರುದಿನ ಎಲ್ಲರೂ ಹುಲ್ಲು ಕೊಯ್ಲಿಗೆ ಹೋದ ಮೇಲೆ ತುಂಡುಗಳನ್ನು ಮೇಜಿನ ಮೇಲೆ ಹರಡಿದೆ. ನೇರಳೆ ಬಣ್ಣದ ಒಳ್ಳೆಯ ಬಟ್ಟೆ. ಒಂದರಿಂದ ಹತ್ತರವರೆಗೆ ಕಣ್ಣಿಗೊತ್ತಿಕೊಳ್ಳುವ ಹಾಗಿದ್ದವು. ಇಪ್ಪತ್ತನೆಯದರ ತುದಿ ಸ್ವಲ್ಪ ಮೊಂಡು. ಐವತ್ತನೆಯದು ಕಿರಿದಾಗಿತ್ತು. ತೊಂಬತ್ತಾರನೆಯದನ್ನು ಒಂದನೆಯದರ ಮೇಲಿಟ್ಟರೆ ಸುತ್ತಲೂ ಅಕ್ಕಿಕಾಳಿನಷ್ಟು ಕಮ್ಮಿ. ಡಬ್ಬದ ತಳದಲ್ಲಿ ಅವಳ ಅಚ್ಚು ಸಿಕ್ಕಿತು: ರಟ್ಟಿನ ಚೂರು. ಅಯ್ಯೋ ಪುಣ್ಯಾತ್ಗಿತ್ತಿ, ತಗಡಿನ ಅಚ್ಚು ಇಟ್ಟುಕೊಳ್ಳಬಾರದಿತ್ತೆ? ರಟ್ಟಿನ ಸುತ್ತ ಪೆನ್ಸಿಲ್ ಎಳೆದೆಳೆದು ಮೂಲೆ ಸವೆಯುತ್ತದೆ, ಅಚ್ಚು ಸವೆದಂತೆ ತುಂಡು ಸಣ್ಣದಾಗುತ್ತದೆ. ಹಾಸಿಗೆಯಲ್ಲಿ ಒರಗಿಕೊಂಡು ಗೀಚಿದವಳಿಗೆ ಅದು ಎಲ್ಲಿ ಕಾಣಬೇಕು! ಹಿಂದಿನ ನಂಬರುಗಳೂ ಹಾಗೇ. ಮೊದಲಿನವು ಗುಂಡಗೆ ನೆಟ್ಟಗಿದ್ದವು, ಎಪ್ಪತ್ತರ ನಂತರ ಜಾರತೊಡಗಿದ್ದವು, ತೊಂಬತ್ತಾರು ಎಂಬುದನ್ನು ಊಹಿಸಿ ಓದಬೇಕಿತ್ತು.

ಅಳೆದು ನೋಡಿದೆ. ಒಂದೊಂದು ಬದಿಗೂ ಮೂರು ಬೆರಳು ಕಮ್ಮಿ ಬೀಳುತ್ತಿತ್ತು. ದಾರಿ ಇರಲಿಲ್ಲ ಅಂತಲ್ಲ. ಎಲ್ಲ ತುಂಡುಗಳನ್ನೂ ಅತಿ ಚಿಕ್ಕದರ ಅಳತೆಗೆ ಸವರಿ, ನಡುವಿನ ಬಟ್ಟೆಯನ್ನು ಸುತ್ತಲೂ ಕತ್ತರಿಸಿ ಚಿಕ್ಕದು ಮಾಡಿದ್ದರೆ ಡೆಲಾಳ ಅಂಚು ಚೆನ್ನಾಗಿಯೇ ಕೂರುತ್ತಿತ್ತು. ಆದರೆ ಹಾಗೆ ಮಾಡಿದರೆ ನನ್ನ ನಕ್ಷತ್ರದ ತುದಿಗಳು ಹೋಗುತ್ತಿದ್ದವು. ತುದಿ ಹಾರಿದ ನಕ್ಷತ್ರ ನೋಡಿದರೆ ಹೆಂಗಸರು ಏನಂದಾರು? ಸಲೋಮಳಿಗೆ ಅಳತೆ ತಪ್ಪಿತು, ವಯಸ್ಸಾಯಿತು ಅಂದಾರು. ಅರ್ಧ ಗಂಟೆ ಕತ್ತರಿ ಹಿಡಿದು ನಿಂತೆ. ಆಮೇಲೆ ಡಬ್ಬದಲ್ಲೇ ಮಡಿಸಿಟ್ಟಿದ್ದ ಒಂದು ಗಜ ನೇರಳೆ ಬಟ್ಟೆ ಬಿಡಿಸಿ, ನನ್ನ ತಗಡಿನ ಅಚ್ಚಿಟ್ಟು, ತೊಂಬತ್ತಾರು ಹೊಸ ತುಂಡು ಕತ್ತರಿಸಿದೆ. ಬಟ್ಟೆ ಅವಳದೇ ತಾನೇ, ಅಂದುಕೊಂಡೆ. ಅವಳ ತುಂಡುಗಳನ್ನು ಚಿಂದಿ ಚೀಲಕ್ಕೆ ಹಾಕಿದೆ. ಮುಚ್ಚಿಡುವಷ್ಟು ನಾಚಿಕೆಯಾದರೂ ನನಗೆ ಇರಬೇಕಿತ್ತು.

ಆಗಸ್ಟಿನಲ್ಲಿ ಹನ್ನೆರಡು ಜನ ಹೆಂಗಸರು ನಮ್ಮ ಮನೆಯಲ್ಲಿ ಸೇರಿ, ಕೌದಿಯನ್ನು ಚೌಕಟ್ಟಿಗೆ ಬಿಗಿದು ಸುತ್ತ ಕೂತು ಅಸ್ತರಿಗೆ ಸೇರಿಸಿ ಹೊಲಿದರು. ಪಕ್ಕದ ತೋಟದ ಎಡ್ನಾ ಕನ್ನಡಕ ಮೂಗಿನ ತುದಿಗೆ ಜಾರಿಸಿ ಅಂಚನ್ನೇ ನೋಡಿದಳು.

"ಹಾಸಿಗೆ ಹಿಡಿದವಳು ಇಷ್ಟು ನೆಟ್ಟಗೆ ಕತ್ತರಿಸಿದ್ಲಾ! ಗಟ್ಟಿಮುಟ್ಟಾಗಿರೋ ನಮ್ಮ ಕೈಗೇನ್ರೇ ರೋಗ ಹಾಗಾದ್ರೆ?"

"ನಿನ್ನ ರೋಗ ಕೈಗಲ್ಲ ಎಡ್ನಾ, ಬಾಯಿಗೆ," ಅಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ನಾನು ಸೂಜಿಗೆ ದಾರ ಪೋಣಿಸುತ್ತ ಕೂತೆ.

ಲೊವೀನ ಒಂದೊಂದೇ ಹಲ್ಲು ಮುಟ್ಟಿಕೊಂಡು ಕೌದಿಯ ಸುತ್ತ ಬಂದಳು. ಕಣ್ಣು ಒದ್ದೆಯಾಗಿತ್ತು. ನನ್ನ ಹತ್ತಿರ ಬಂದಾಗ ಭುಜದ ಮೇಲೆ ಕೈಯಿಟ್ಟು, ಬಹಳ ಹಳೆಯ ರೂಢಿಯೆಂಬ ಹಾಗೆ, "ಅಮ್ಮಾ, ನೀನು ಕೂತ್ಕೋ, ಕಾಫಿ ನಾನು ತರ್ತೀನಿ," ಅಂದಳು.

ಒಂಬತ್ತು ವರ್ಷ ಕಾದ ಮಾತು. ಕದ್ದ ಮಾಲಿಗೆ ಬಹುಮಾನ ಬಂದ ಹಾಗೆ ಬಂತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಕೂತಿದ್ದೆ, ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಅದೇ ವಾರ ನನ್ನ ಅತ್ತೆ ಫ್ಯಾನಿ ಕೋಲೂರಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ಹೊಸ ಕಾಲೊರಸು ಹಾಸಿದಳು. ಚಿಂದಿ ಚೀಲದಿಂದ ಚೂರು ಆರಿಸಿ, ಒಂದು ಬದಿಗಷ್ಟೇ ಹೊಲಿಗೆ ಹಾಕಿ ಗೋಣಿಯ ಮೇಲೆ ಒತ್ತೊತ್ತಾಗಿ ಕೂರಿಸುವುದು ಅವಳ ಕೆಲಸ. "ನೋಡೇ, ಎಂಥಾ ಒಳ್ಳೇ ನೇರಳೆ ಚೂರು ಎಸೆದಿದ್ದೆ! ದುಡ್ಡೇನು ಮರದಲ್ಲಿ ಬಿಡುತ್ತಾ?" ಅಂದಳು. ನಡುವಿನಲ್ಲಿ ಡೆಲಾಳ ತುಂಡುಗಳು ಒಂದರ ಪಕ್ಕ ಒಂದು, ತುದಿ ಮೇಲೆ ಮಾಡಿ ನಿಂತಿದ್ದವು.

ತೆಗೆದುಬಿಡಬಹುದಿತ್ತು. ತೆಗೆದರೆ ಯಾಕೆ ಎಂದು ಅತ್ತೆ ಕೇಳುತ್ತಾಳೆ, ಲೊವೀನ ಕೇಳುತ್ತಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗಿತ್ತು ನನ್ನ ಬಾಳು. ಬೆಳಿಗ್ಗೆ, ಸಂಜೆ ಲೊವೀನ ಹಟ್ಟಿಯಿಂದ ಬಂದು ಸಗಣಿಯ ಬೂಟನ್ನು ಅದರ ಮೇಲೆ ತಿಕ್ಕುತ್ತಿದ್ದಳು. "ಅಮ್ಮಾ, ಹಾಲು ತಂದೆ." "ಅಮ್ಮಾ, ಕೆಂಪು ಹಸು ಒದೀತು ನೋಡು." ಅವಳು ಅಮ್ಮ ಅಂದಾಗಲೆಲ್ಲ ನನ್ನ ಕಣ್ಣು ಅವಳ ಕಾಲಿಗೆ ಹೋಗುತ್ತಿತ್ತು.

ಅಕ್ಟೋಬರ್ ಬಂತು. ವರ್ಷಕ್ಕೆರಡು ಸಲ ನಾವು ಪ್ರಭುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುತ್ತೇವೆ, ಅದಕ್ಕೆ ಮೊದಲಿನ ಸಭೆಯಲ್ಲಿ ನಮ್ಮ ಒಬ್ಬೊಬ್ಬರನ್ನೂ ಕೇಳುತ್ತಾರೆ: ದೇವರ ಜೊತೆ, ಎಲ್ಲ ಜನರ ಜೊತೆ ಸಮಾಧಾನವಾಗಿದ್ದೀಯಾ? ಒಬ್ಬರ ಮನಸ್ಸಿನಲ್ಲಿ ಮುಳ್ಳಿದ್ದರೂ ಇಡೀ ಸಭೆಯ ರೊಟ್ಟಿ ನಿಲ್ಲುತ್ತದೆ. ನಾಳೆ ಭಾನುವಾರ ಆ ಪ್ರಶ್ನೆ. ಅಷ್ಟು ಜನರೆದುರು ಹೂಂ ಎಂದು ಸುಳ್ಳು ಹೇಳುವ ಗಟ್ಟಿತನ ನನಗಿರಲಿಲ್ಲ.

ಶನಿವಾರ ಮಧ್ಯಾಹ್ನ ಲೊವೀನ ಕಾಲೊರಸನ್ನು ಬೇಲಿಯ ಮೇಲೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಳು. ಧೂಳು ಏಳುತ್ತಿತ್ತು. ನಾನು ಓಡಿ ಹೋಗಿ ಕೋಲು ಹಿಡಿದೆ.

"ಬಡೀಬೇಡ ಮಗಾ."

"ಯಾಕಮ್ಮಾ, ಏನಾಯ್ತು? ಮುಖ ಯಾಕೆ ಹಂಗಿದೆ?"

"ಆ ನೇರಳೆ ಚೂರು ಎತ್ತಿ ಹಿಂದೆ ನೋಡು."

ಬಾಗಿ ನೋಡಿದಳು. ಬೆರಳಲ್ಲಿ ಕೆಸರು ಕೆರೆದಳು. "ಅರವತ್ತೊಂದು," ಎಂದು ಓದಿದಳು. ಪಕ್ಕದ್ದು ಎತ್ತಿದಳು, ಅದರ ಪಕ್ಕದ್ದೂ ಎತ್ತಿದಳು. ನಾನು ಎಲ್ಲವನ್ನೂ ಹೇಳಿದೆ. ರಟ್ಟಿನ ಅಚ್ಚು, ಮೂರು ಬೆರಳು, ಒಂದು ಗಜ ಬಟ್ಟೆ. ಅವಳು ಅಳಲಿಲ್ಲ, ಕೂಗಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

"ಬೇರೆ ದಾರಿ ಇರ್ಲಿಲ್ವಾ?"

ಇರಲಿಲ್ಲ ಎಂದಿದ್ದರೆ ನಂಬುತ್ತಿದ್ದಳು. ಅವಳಿಗೆ ಹೊಲಿಗೆಯ ಗಂಧಗಾಳಿ ಇಲ್ಲ. ಹೇಳಲು ಬಾಯಿ ತೆರೆದೂ ಇದ್ದೆ.

"ಇತ್ತು," ಅಂದೆ. "ನನ್ನ ನಕ್ಷತ್ರದ ತುದಿ ಕತ್ತರಿಸಬೇಕಿತ್ತು. ಮನಸ್ಸು ಬರ್ಲಿಲ್ಲ."

"ನಕ್ಷತ್ರದ ತುದಿ," ಅಂದಳು ಅವಳು. ಕಾಲೊರಸನ್ನು ಬೇಲಿಯಿಂದ ತೆಗೆದು ಎರಡು ಕೈಯಲ್ಲಿ ಎತ್ತಿಕೊಂಡಳು. "ನಾನು ದಿನಾ ಇದಕ್ಕೇ ಕಾಲು ಒರೆಸ್ತಿದ್ದೆ. ನೀನು ನೋಡ್ತಾ ನಿಂತಿರ್ತಿದ್ದೆ."

ತಪ್ಪಾಯಿತು ಎಂದು ಅಲ್ಲೇ ಹುಲ್ಲಿನ ಮೇಲೆ ಮಂಡಿಯೂರಿದೆ. ನಮ್ಮಲ್ಲಿ ಹಾಗೆ ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ. ಅವಳು ನನ್ನ ಕೈ ಹಿಡಿದು ಎಬ್ಬಿಸಿದಳು.

"ಕ್ಷಮಿಸಿದೀನಿ. ನಾಳೆ ನೀನು ನೆಮ್ಮದಿಯಾಗಿ ಉತ್ತರ ಹೇಳು, ಸಲೋಮ."

ಅವಳು ಮಾತಿಗೆ ತಕ್ಕ ಹಾಗೇ ನಡೆದಳು. ಒಂದು ಕೊಂಕು ಮಾತಿಲ್ಲ, ಎನೋಸನಿಗೂ ಹೇಳಲಿಲ್ಲ. ನವೆಂಬರಿನಲ್ಲಿ ಮದುವೆಯಾಯಿತು, ಮುನ್ನೂರು ಜನ ಕೋಳಿ, ಸೆಲರಿ ಉಂಡು ಹೋದರು. ನಮ್ಮ ಪದ್ಧತಿಯಂತೆ ಮದುಮಕ್ಕಳು ಚಳಿಗಾಲವೆಲ್ಲ ನಮ್ಮಲ್ಲೇ ಇದ್ದು, ಮಾರ್ಚಿನಲ್ಲಿ ತಮ್ಮ ಮನೆಗೆ ಹೊರಟರು. ಬಂಡಿಗೆ ಸಾಮಾನು ಏರಿಸುವಾಗ ನೋಡಿದೆ, ಕಾಲೊರಸು ಇತ್ತು. ಎಷ್ಟು ಸಲ ಒಗೆದಿದ್ದಳೋ, ಬಿಳಿ ದಿಂಬಿನ ಚೀಲದಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಟ್ಟಿದ್ದಳು. ಕೌದಿ ಕಾಣಲಿಲ್ಲ. ಒಳಗೆ ಹೋದರೆ ಅದು ನನ್ನ ಮಂಚದ ಮೇಲೆ ಮಡಿಸಿಟ್ಟಿತ್ತು. ಎತ್ತಿಕೊಂಡು ಅಂಗಳಕ್ಕೆ ಓಡಿದೆ.

"ಕೌದಿ ಮರೆತ್ಯಲ್ಲೇ!"

ಬಂಡಿಯ ಮೇಲಿಂದ ನಕ್ಕಳು. ಒಳ್ಳೆಯ ನಗೆಯೇ, ಅದರಲ್ಲಿ ವಿಷವಿರಲಿಲ್ಲ.

"ಮರೀಲಿಲ್ಲ. ಅದು ಪೂರ್ತಿ ನಿನ್ನ ಕೈದೇ ಅಲ್ವಾ, ಸಲೋಮ. ನೀನೇ ಇಟ್ಕೋ."

ಈಗ ಅದನ್ನು ನಾನೂ ಎನೋಸನೂ ಹೊದೆಯುತ್ತೇವೆ. ಒಂದು ಹಲ್ಲೂ ಮೊಂಡಾಗಿಲ್ಲ, ನಾಲ್ಕು ಮೂಲೆಯೂ ಸರಿಯಾಗಿ ಕೂಡುತ್ತವೆ.