ಮುಳ್ಳಂದಿಯ ಪಾಲು

ಮಳವಳ್ಳಿಯಿಂದ ಶಿವನಸಮುದ್ರದ ಕಡೆ ಎರಡು ಮೈಲಿ ನಡೆದರೆ ಎಡಕ್ಕೆ ಧಣಿಗಳ ಮೃಗದ ತೋಟ. ಹೆಸರು ಕೇಳಿ ಹುಲಿ, ಸಿಂಹ ಅಂದುಕೊಳ್ಳಬೇಡಿ, ಅವು ಯಾವತ್ತೂ ಇರಲಿಲ್ಲ. ದೊಡ್ಡ ಧಣಿಗಳು ಮೈಸೂರಿನ ಮೃಗಾಲಯ ನೋಡಿಕೊಂಡು ಬಂದವರೇ ತಮಗೂ ಒಂದು ಬೇಕು ಅಂತ ಹಠ ಹಿಡಿದು, ಮಾವಿನ ತೋಪಿನ ಸುತ್ತ ಗೋಡೆ ಎಬ್ಬಿಸಿ, ಜಿಂಕೆ, ಕರಡಿ, ನವಿಲು, ಮೊಸಳೆ, ಪುನುಗಿನ ಬೆಕ್ಕು ಅಂತ ಕಂಡಕಂಡದ್ದನ್ನೆಲ್ಲ ತಂದು ತುಂಬಿದ್ದರು. ತಂದದ್ದು ಅವರು. ದಿನಾ ಬೆಳಿಗ್ಗೆ ಎಣಿಸಿ ಪುಸ್ತಕದಲ್ಲಿ ಬರೆದದ್ದು ಮರಿಸಿದ್ದಯ್ಯ. ಒಂದಲ್ಲ ಎರಡಲ್ಲ, ಇಪ್ಪತ್ತೊಂದು ವರ್ಷ ಬರೆದ.

ಎಣಿಸೋದರಲ್ಲೇನು ಮಹಾ ಅಂತೀರಾ? ಬನ್ನಿ, ಒಂದು ದಿನ ಎಣಿಸಿ ನೋಡಿ. ಜಿಂಕೆಗಳು ನಿಂತ ಕಡೆ ನಿಲ್ಲೋದಿಲ್ಲ. ಹುರುಳಿ ಚೆಲ್ಲಿ, ಅವು ತಲೆ ಬಗ್ಗಿಸಿದಾಗ ಬಾಲ ಎಣಿಸಬೇಕು. ಮೊಸಳೆ ಬಿಸಿಲು ಏರುವವರೆಗೂ ನೀರು ಬಿಟ್ಟು ಮೇಲೆ ಬರೋದಿಲ್ಲ. ಇನ್ನು ಹಗಲೆಲ್ಲ ಬಿಲದೊಳಗೆ ಮಲಗುವ ಮುಳ್ಳಂದಿಯನ್ನು ಯಾರು ಕಂಡರು? ಅದಕ್ಕೆ ಮರಿಸಿದ್ದಯ್ಯನದು ಒಂದು ಕ್ರಮ. ಸಂಜೆ ತಲೆಗೊಂದರಂತೆ ಪಾಲು ಇಡೋದು, ಬೆಳಿಗ್ಗೆ ಬಂದು ನೋಡೋದು. ಪಾಲು ಮುಗಿದಿದ್ದರೆ ಪ್ರಾಣಿ ಇದೆ, ಉಳಿದಿದ್ದರೆ ಒಳಗೆ ಏನೋ ಆಗಿದೆ. ಇಪ್ಪತ್ತೊಂದು ವರ್ಷದಲ್ಲಿ ಈ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ಮುಳ್ಳಂದಿ ಒಂದು ಜೋಡಿ ಇದ್ದವು. ಹೆಸರಿಟ್ಟವಳು ಮರಿಸಿದ್ದಯ್ಯನ ಹೆಂಡತಿ ಚಲುವಮ್ಮ. ಹೆಣ್ಣಿಗೆ ಸಿಡುಕಿ. ಯಾರು ಹತ್ತಿರ ಹೋದರೂ ಮುಳ್ಳು ನಿಗುರಿಸಿ ಝಲಝಲ ಅನ್ನಿಸುತ್ತಿತ್ತು. ಗಂಡಿಗೆ ಗುಮ್ಮ. ಅದರದು ಮಾತಿಲ್ಲ, ಕತೆಯಿಲ್ಲ. ಎರಡಕ್ಕೂ ಪಾಲು ಇಡಲು ಒಂದೊಂದು ಕಲ್ಲುಮರಿಗೆ, ಚಿಕ್ಕ ತೊಟ್ಟಿಯಂಥದು. ಒಂದರಲ್ಲಿ ಉಂಡದ್ದು ಇನ್ನೊಂದಕ್ಕೆ ಬಾಯಿ ಹಾಕುತ್ತಿರಲಿಲ್ಲ. ಚಲುವಮ್ಮ ಸಂಜೆ ಸೆರಗಿನಲ್ಲಿ ತಂಗಳು ಮುದ್ದೆ ಮುಚ್ಚಿಕೊಂಡು ಹೋಗಿ ಎರಡಕ್ಕೂ ಹಾಕಿ ಬರುತ್ತಿದ್ದಳು. “ಲೇ, ಪಟ್ಟಿಯಾಗೆ ಮುದ್ದೆ ಇಲ್ಲ ಕಣೇ, ಗೆಣ್ಸು, ಕಡ್ಲೇಕಾಯಿ, ಕಬ್ಬು ಅಷ್ಟೇಯ” ಅಂತ ಇವನು ರೇಗಿದರೆ, “ನಿನ್ ಪಟ್ಟಿ ನೀನೇ ತಿನ್ನು ಓಗು” ಅನ್ನುವಳು. ಬಿದ್ದ ಮುಳ್ಳು ಆಯ್ದು ತಂದು ಅದರಲ್ಲೇ ಬೈತಲೆ ತೆಗೆದುಕೊಳ್ಳುವಳು. ಅಷ್ಟು ನೆಟ್ಟಗಿನ ಬೈತಲೆ ಮಳವಳ್ಳಿ ಸಂತೆಯಲ್ಲಿ ಇನ್ನೊಂದಿರಲಿಲ್ಲ, ಅದು ಮಾತ್ರ ನಿಜ.

ಮಕ್ಕಳಿರಲಿಲ್ಲ. ತೋಟದ ಗೇಟಿನ ಪಕ್ಕದ ಒಂದೇ ಕೋಣೆಯ ಮನೆಯಲ್ಲಿ ಇಬ್ಬರೇ. ನಾಲೆ ನೀರು ಬಂದ ಮೇಲೆ ಸೀಮೆಗೆಲ್ಲ ಚಳಿಜ್ವರ ಹತ್ತಿತಲ್ಲ, ಅದರಲ್ಲೇ ಚಲುವಮ್ಮ ಹೋದಳು. ಒಂಬತ್ತು ದಿನ ನಡುಗಿದಳು, ಹತ್ತನೆಯ ದಿನ ನಡುಕ ನಿಂತಿತು.

ಆಮೇಲೆ ಎರಡು ವರ್ಷ ಮರಿಸಿದ್ದಯ್ಯ ಒಬ್ಬನೇ ಉಂಡ. ಆದರೆ ಮುದ್ದೆ ಮಾತ್ರ ದಿನಾ ಎರಡು. ಒಬ್ಬನಿಗೆ ಎಷ್ಟು ಎಸರು, ಎಷ್ಟು ಹಿಟ್ಟು ಅಂತ ಅವನಿಗೆ ಗೊತ್ತಾಗಲೇ ಇಲ್ಲ. ಇಷ್ಟು ವರ್ಷ ಎಣಿಸಿದವನಿಗೆ ಇದೊಂದು ಗೊತ್ತಾಗಲಿಲ್ಲವೇ ಅಂತ ನೀವು ಕೇಳಬಹುದು. ಗೊತ್ತಾಗಲಿಲ್ಲ, ಸ್ವಾಮಿ. ಒಂದು ಮುದ್ದೆ ತನಗೆ, ಇನ್ನೊಂದು ಅವಳ ಕಂಚಿನ ತಟ್ಟೆಯಲ್ಲಿ, ಅವಳು ಕೂರುತ್ತಿದ್ದ ಜಾಗದಲ್ಲಿ. ಬೆಳಿಗ್ಗೆ ನೋಡಿದರೆ ಮುದ್ದೆ ಇಟ್ಟ ಹಾಗೇ ಇರುತ್ತಿತ್ತು. ಅದನ್ನೇ ಮಜ್ಜಿಗೆಗೆ ಹಿಸುಕಿ ಕುಡಿದು ಎಣಿಸಲು ಹೊರಡುತ್ತಿದ್ದ. ತನ್ನ ಕ್ರಮದ ಪ್ರಕಾರ ಉಳಿದ ಪಾಲಿಗೆ ಏನು ಅರ್ಥ ಅಂತ ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಆ ಲೆಕ್ಕವನ್ನು ಅವನು ಎಲ್ಲೂ ಬರೆದಿರಲಿಲ್ಲ.

ನಲವತ್ತಮೂರನೆಯ ಇಸವಿ. ಯುದ್ಧದ ಕಾಲ. ರಾಗಿ ಸಿಗೋದೇ ಕಷ್ಟ, ಸೀಮೆಎಣ್ಣೆಗೆ ಸಾಲು. ದೊಡ್ಡ ಧಣಿಗಳು ತೀರಿಕೊಂಡಿದ್ದರು. ಬೆಂಗಳೂರಿನಲ್ಲಿದ್ದ ಚಿಕ್ಕ ಧಣಿಗಳಿಗೆ ಈ ತೋಟವೆಂದರೆ ಅಷ್ಟಕ್ಕಷ್ಟೆ. ಅವರ ಕಡೆಯಿಂದ ತೋಟದ ಪಾರುಪತ್ಯ ನೋಡುತ್ತಿದ್ದ ಬೆಟ್ಟಯ್ಯನಿಗೆ ಒಂದು ಕಾಗದ ಬಂತು. ಬೆಟ್ಟಯ್ಯ ಮದ್ದೂರಿನವನು, ಕೆಟ್ಟವನಲ್ಲ, ಒರಟ. ಕಾಗದ ಓದಿ ಹೇಳಿದ: “ನೋಡಯ್ಯ ಮರಿಸಿದ್ದಯ್ಯ, ಧಣಿಗಳು ಬರ್ದವ್ರೆ. ಜೋಡಿ ಇದ್ರೆ ಮರಿ ಆದಾವು, ಇರ್ಲಿ. ಒಂಟಿ ಪ್ರಾಣಿಗೆ ಇನ್ಮೇಕೆ ಕಾಳಿಲ್ಲ. ಒಂಟಿಗಳ ಪಟ್ಟಿ ಕೊಡು.”

ಕೊಟ್ಟ. ಕೊಡದೆ ಏನು ಮಾಡುತ್ತಾನೆ? ಕರಡಿಯನ್ನು ಸರ್ಕಸ್ಸಿನವರು ಹೊಡಕೊಂಡು ಹೋದರು. ಪುನುಗಿನ ಬೆಕ್ಕು ಮೈಸೂರಿನ ಯಾರೋ ಪುನುಗು ಮಾರುವವನ ಪಾಲಾಯಿತು. ಕುಂಟ ನರಿಯನ್ನು ಯಾರೂ ಕೇಳಲಿಲ್ಲ, ಅದಕ್ಕೆ ಗುಂಡು ಹೊಡೆದರು. ಒಂದೊಂದು ಹೋದಾಗಲೂ ಮರಿಸಿದ್ದಯ್ಯ ಪುಸ್ತಕದಲ್ಲಿ ಒಂದರ ಜಾಗಕ್ಕೆ ಸೊನ್ನೆ ಬರೆದ. ನರಿಯ ಸೊನ್ನೆ ಬರೆಯುವಾಗ ಶಾಯಿ ಚೆಲ್ಲಿತು.

ಅದಾದ ತಿಂಗಳೊಳಗೆ, ಆಷಾಢದಲ್ಲಿ, ಸಿಡುಕಿ ಸತ್ತಿತು. ಬೆಳಿಗ್ಗೆ ಹೋದರೆ ಬಿಲದ ಬಾಯಲ್ಲಿ ಬಿದ್ದಿತ್ತು. ಗುಮ್ಮ, ಬೆಳಕು ಹರಿದಿದ್ದರೂ ಒಳಗೆ ಹೋಗದೆ, ಅದರ ಪಕ್ಕದಲ್ಲೇ ಮುದುರಿಕೊಂಡು ಕೂತಿತ್ತು. ಮರಿಸಿದ್ದಯ್ಯ ಸುತ್ತ ನೋಡಿದ. ಯಾರೂ ಇರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ತಂದು ಹೊಂಗೆಮರದ ಬುಡದಲ್ಲಿ ಮಣ್ಣು ಮಾಡಿದ. ಕೈತುಂಬ ಮುಳ್ಳು ಚುಚ್ಚಿತ್ತು. ಅದೇ ಕೈಯಲ್ಲಿ ಪುಸ್ತಕ ತೆರೆದು, ಮುಳ್ಳುಹಂದಿ, ಎರಡು, ಅಂತ ಬರೆದ. ಅವನು ಬರೆದ ಮೊದಲ ಸುಳ್ಳು ಅದು.

ಸುಳ್ಳು ಬರೆದರೆ ಸಾಲದಲ್ಲ, ಅದಕ್ಕೆ ಊಟವನ್ನೂ ಹಾಕಬೇಕು. ಸಂಜೆ ಎರಡು ಮರಿಗೆಗೂ ಪಾಲು ಇಡುವನು. ಗುಮ್ಮ ತನ್ನದನ್ನಷ್ಟೇ ತಿಂದು ಸಿಡುಕಿಯದನ್ನು ಮೂಸಿ ನೋಡಿ ಬಿಟ್ಟುಬಿಡುವುದು. ಬೆಟ್ಟಯ್ಯ ಬರುವ ಮುಂಚೆ ಆ ಪಾಲು ಮಾಯವಾಗಬೇಕು. ಎಸೆಯೋಣ ಅಂದರೆ ಬರಗಾಲದಂಥ ದಿನ, ಮನಸ್ಸು ಬರದು. ಹೀಗಾಗಿ ಮೂರು ತಿಂಗಳು ಸಿಡುಕಿಯ ಗೆಣಸು, ಸಿಡುಕಿಯ ಕಡ್ಲೇಕಾಯಿ, ಸಿಡುಕಿಯ ಕಬ್ಬು ಎಲ್ಲ ತಿಂದವನು ನಮ್ಮ ಮರಿಸಿದ್ದಯ್ಯ. ಕಬ್ಬು ಅಗಿದೂ ಅಗಿದೂ ಇದ್ದ ನಾಲ್ಕು ಹಲ್ಲಲ್ಲಿ ಒಂದು ಅಲ್ಲಾಡತೊಡಗಿತು. “ನಿನ್ ಗಂಡನ್ನ ಕಾಯಾಕೆ ನನ್ ಹಲ್ ಓದಂಗಾಯ್ತಲ್ಲೇ” ಅಂತ ಹೊಂಗೆಮರದ ಕಡೆ ತಿರುಗಿ ಬೈದ. ಬೈಯಲಾದರೂ ಒಬ್ಬರು ಸಿಕ್ಕರಲ್ಲ, ಅದೇ ದೊಡ್ಡದು.

ಅಷ್ಟರಲ್ಲಿ ಸೋಮನಹಳ್ಳಿಯ ಕಂಟ್ರಾಕ್ಟರ್ ಕರಿಯಪ್ಪ ನಡುವೆ ಬಂದ. ಅವನಿಗೆ ಮುಳ್ಳಂದಿ ಬಾಡು ಅಂದರೆ ಪ್ರಾಣ. ಮಗನ ನಾಮಕರಣದ ಬಾಡೂಟಕ್ಕೆ ಒಂದು ಬೇಕು ಅಂತ ಬೆಟ್ಟಯ್ಯನ ಹಿಂದೆ ಬಿದ್ದ. ಜೋಡಿಯನ್ನು ಮುಟ್ಟುವ ಹಾಗಿಲ್ಲ ಅಂದರೂ ಕೇಳಲೊಲ್ಲ. “ಇಷ್ಟು ವರ್ಸದಾಗೆ ಒಂದು ಮರಿ ಆಗಿಲ್ಲ, ಅದೆಂಥಾ ಜೋಡಿ? ಎರಡೂ ಕಣ್ಣಾರೆ ಕಂಡಿದ್ದೀಯಾ?” ಅಂದ. ಆ ಮಾತು ಬೆಟ್ಟಯ್ಯನ ತಲೆಯೊಳಗೆ ಕೂತಿತು.

ಒಂದು ಸಂಜೆ ಬೆಟ್ಟಯ್ಯ ಕುರ್ಚಿ ಹೊರಿಸಿಕೊಂಡು ಬಂದು ಬಿಲದ ಎದುರಿಗೆ ಹಾಕಿಸಿ ಕೂತ. ಮರಿಸಿದ್ದಯ್ಯ ಎರಡು ಮರಿಗೆಗೂ ಪಾಲು ಸುರಿದು ಪಕ್ಕದಲ್ಲಿ ನಿಂತ. ಹೊತ್ತು ಮುಳುಗಿತು. ಬಿಲದ ಬಾಯಲ್ಲಿ ಮೂಗು ಕಂಡಿತು, ಆಮೇಲೆ ಮುಳ್ಳು. ಗುಮ್ಮ ಬಂದು ತನ್ನ ಮರಿಗೆಗೆ ಬಾಯಿ ಹಾಕಿ ಕರಕರ ಅಂತ ತಿನ್ನತೊಡಗಿತು.

“ಇನ್ನೊಂದು ಎಲ್ಲಯ್ಯ?” ಅಂದ ಬೆಟ್ಟಯ್ಯ.

“ಒಳ್ಗದೆ, ಬುದ್ಧಿ. ಅದು ಸಿಡುಕಿ. ಜನ ಕಂಡ್ರೆ ಬರಾಕಿಲ್ಲ.”

ಗುಮ್ಮ ತಿಂದು ಮುಗಿಸಿತು. ಇನ್ನೊಂದು ಮರಿಗೆಯ ಹತ್ತಿರ ಹೋಗಿ ಮೂಸಿತು, ಮುಟ್ಟಲಿಲ್ಲ. ಬಿಲದ ಕಡೆ ಮುಖ ಮಾಡಿ ಸುಮ್ಮನೆ ನಿಂತಿತು. ಎಷ್ಟು ಹೊತ್ತು ನಿಂತಿತೋ, ನೋಡುತ್ತಿದ್ದ ಬೆಟ್ಟಯ್ಯನೇ ಕುರ್ಚಿಯಲ್ಲಿ ಕದಲಿದ.

“ಬರೋದಿಲ್ವಾ? ಸರಿ ಬುಡು. ನಾಳೆ ಬಿಲಕ್ಕೆ ಮೆಣಸಿನಕಾಯಿ ಹೊಗೆ ಹಾಕಿಸ್ತೀನಿ. ಎಷ್ಟವೆ ಅಂತ ಗೊತ್ತಾಯ್ತದೆ.”

ಹೊಗೆ! ಇಲಿ ಬಿಲಕ್ಕೆ ಮೆಣಸಿನಕಾಯಿ ಹೊಗೆ ಹಾಕಿದ್ದನ್ನು ಮರಿಸಿದ್ದಯ್ಯ ಕಂಡಿದ್ದ. ಕಣ್ಣು ಕಟ್ಟಿ, ಉಸಿರು ಕಟ್ಟಿ ಸಾಯುತ್ತವೆ. ಮೂರು ತಿಂಗಳು ಕಾಪಾಡಿಕೊಂಡು ಬಂದ ಸುಳ್ಳು ಅಲ್ಲೇ ಕಾಲು ಮುರಕೊಂಡು ಬಿತ್ತು.

“ಬ್ಯಾಡಿ ಬುದ್ಧಿ. ಇರೋದು ಅದೊಂದೇಯ. ಸಿಡುಕಿ ಆಸಾಡದಾಗೆ ಸತ್ತೋಯ್ತು.”

ಬೆಟ್ಟಯ್ಯ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. “ಯಾಕಯ್ಯ ಹಿಂಗ್ ಮಾಡ್ದೆ? ಇಪ್ಪತ್ತು ವರ್ಸದಾಗೆ ಒಂದು ಅಕ್ಸರ ತಪ್ಪು ಬರ್ದೋನಲ್ಲ ನೀನು” ಅಂದ.

“ಎರಡರ ಜಾಗಕ್ಕೆ ಒಂದು ಅಂತ ಬರಿಯಾಕೆ ಕೈ ಬರ್ನಿಲ್ಲ, ಬುದ್ಧಿ.”

“ಈಗ ಬರಿ. ಕರಿಯಪ್ಪನ ಆಳುಗಳು ಭಾನುವಾರ ಚೀಲ ತಗೊಂಡು ಬತ್ತಾರೆ.”

ಬೆಟ್ಟಯ್ಯನ ಎದುರಿಗೇ ಬರೆದ. ಮುಳ್ಳುಹಂದಿ, ಒಂದು. ಅಷ್ಟು ಬರೆಯುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಧಾರಾಕಾರ. ಮುದಿ ಗಂಡಸು ಒಂದು ಮುಳ್ಳಂದಿಗೆ ಅಷ್ಟು ಅಳುತ್ತಾನೆಯೇ ಅಂತ ಬೆಟ್ಟಯ್ಯ ಬೇರೆ ಕಡೆ ನೋಡಿದ. ಅವನಿಗೇನು ಗೊತ್ತು.

ಶನಿವಾರ ಮಧ್ಯಾಹ್ನ ಬೆಟ್ಟಯ್ಯ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಮದ್ದೂರಿಗೆ ಹೋದ. ಬಸ್ಸಿನ ಹೊಗೆ ಮರೆಯಾಗುವವರೆಗೂ ಗೇಟಿನಲ್ಲಿ ನಿಂತಿದ್ದ ಮರಿಸಿದ್ದಯ್ಯ, ಹಾರೆ ಹುಡುಕಿ ತಂದ. ಮುಳ್ಳಂದಿಯನ್ನು ಕೂಡಿದ್ದ ಆವರಣದ ಗೋಡೆಯ ಕೆಳಗೆ ಮಳೆನೀರು ಹೋಗಲಿಕ್ಕೆ ಒಂದು ಕಿಂಡಿ ಇತ್ತು, ಅದಕ್ಕೆ ಅಡ್ಡ ಒಂದು ಚಪ್ಪಡಿ. ಮೀಟಿದ, ಮೀಟಿದ, ಸೊಂಟ ಬಿದ್ದುಹೋಗುವ ಹಾಗೆ ಮೀಟಿದ. ಚಪ್ಪಡಿ ಒಂದು ಮೊಳ ಸರಿಯಿತು. ಆಚೆ ಕಡೆ ಲಂಟಾನದ ಪೊದೆ, ಅದರಾಚೆ ಗುಡ್ಡ.

ಬಿಲದ ಬಾಯಿಗೆ ಬಗ್ಗಿ ಹೇಳಿದ: “ಲೇ ಗುಮ್ಮ, ನಾಳೆ ನಿನ್ನ ಸಾರು ಮಾಡ್ತಾರೆ ಕಣ್ಲಾ. ದಾರಿ ಮಾಡಿವ್ನಿ. ಓಗು. ಇಲ್ಲಿ ಕಾಯ್ಕೊಂಡು ಕುಂತ್ರೆ ಅವ್ಳು ಬರಾಕಿಲ್ಲ.” ಹೇಳಿದ ಮೇಲೆ ಆ ಮಾತು ತನ್ನ ಕಿವಿಗೇ ಬಿದ್ದು, ಅಲ್ಲೇ ಸ್ವಲ್ಪ ಹೊತ್ತು ಕೂತ.

ಭಾನುವಾರ ಬೆಳಿಗ್ಗೆ ಎರಡೂ ಮರಿಗೆಯಲ್ಲಿ ಪಾಲು ಹಾಗೇ ಇತ್ತು. ಬರೆದ: ಮುಳ್ಳುಹಂದಿ, ಸೊನ್ನೆ. ಕರಿಯಪ್ಪನ ಆಳುಗಳು ಬಾಯಿಗೆ ಬಂದ ಹಾಗೆ ಬೈದು ಖಾಲಿ ಚೀಲ ಹೊತ್ತು ಹೋದರು. ಬೆಟ್ಟಯ್ಯ ಬಂದವನು ಕಿಂಡಿ ನೋಡಿದ, ಚಪ್ಪಡಿ ನೋಡಿದ, ಮರಿಸಿದ್ದಯ್ಯನ ಅಂಗೈಯ ಬೊಬ್ಬೆಯನ್ನೂ ನೋಡಿದ.

“ನಾನೇನು ಕುರುಡ ಅಲ್ಲ ಕಣಯ್ಯ. ಧಣಿಗಳಿಗೆ ಯೋಳಾಕಿಲ್ಲ, ಓಗ್ಲಿ. ಆದ್ರೆ ಆ ಪುಸ್ತಕ ಇತ್ತ ಕೊಡು. ನಾಳೆಯಿಂದ ನೀನು ಎಣಿಸ್ಬ್ಯಾಡ. ಜಿಂಕೆಗೆ ಹುಲ್ಲು ಹಾಕ್ಕೊಂಡಿರು.”

ಪುಸ್ತಕ ಕೊಟ್ಟು ಮನೆಗೆ ಬಂದ. ಕೈ ಖಾಲಿ. ಗುಮ್ಮ ಉಳಿದನಲ್ಲ ಅಂತ ಒಂದು ಕಡೆ ಸಮಾಧಾನ. ಉಳಿದನೋ, ಗುಡ್ಡದ ನಾಯಿಗಳ ಬಾಯಿಗೆ ಬಿದ್ದನೋ, ಯಾರಿಗೆ ಗೊತ್ತು? ಹುಟ್ಟಿದಾಗಿನಿಂದ ಮರಿಗೆಯಲ್ಲಿ ತಿಂದ ಪ್ರಾಣಿ. ಬೆಳಿಗ್ಗೆ ಎದ್ದರೆ ಎಣಿಸಲಿಕ್ಕೆ ಏನೂ ಇಲ್ಲ. ಹುಲ್ಲು ಹಾಕುವಾಗ ಜಿಂಕೆಗಳ ಬಾಲದ ಮೇಲೆ ಕಣ್ಣು ಓಡುವುದು, ಹನ್ನೊಂದು ಅನ್ನುವುದು ಮನಸ್ಸು, ಬರೆಯಲಿಕ್ಕೆ ಜಾಗವಿಲ್ಲ. ಮಾತಾಡಲು ಹೊಂಗೆಮರ ಒಂದೇ. ಒಂಟಿ ಪ್ರಾಣಿಗಳ ಪಟ್ಟಿ ಇನ್ನೊಂದು ಸಲ ಕೇಳಿದರೆ ಅದರಲ್ಲಿ ತನ್ನ ಹೆಸರೊಂದೇ ಇರುತ್ತದೆ ಅನ್ನಿಸಿ, ಒಬ್ಬನೇ ನಕ್ಕ. ಆ ನಗು ಅವನಿಗೇ ಹಿಡಿಸಲಿಲ್ಲ.

ಎಂಟು ಹತ್ತು ದಿನ ಹೀಗೇ ಹೋಯಿತು. ಒಂದು ಸಂಜೆ ಮುದ್ದೆ ಕಟ್ಟಿದ. ಎರಡೇ ಆದವು. ಒಳಗೆ ಕೂತು ಉಣ್ಣಲಾರದೆ ತಟ್ಟೆಗಳನ್ನು ತಂದು ಹೊರಗೆ ಜಗಲಿಯ ಮೇಲೆ ಇಟ್ಟುಕೊಂಡ. ತನ್ನದು ಉಂಡು ಕೈ ತೊಳೆದ. ಕಂಚಿನ ತಟ್ಟೆಯ ಮುದ್ದೆಯನ್ನು ಬಹಳ ಹೊತ್ತು ನೋಡಿದ. “ಚಲುವಿ, ನೀನು ಉಣ್ಣಾಕಿಲ್ಲ. ನಂಗೆ ಗೊತ್ತು. ಎರಡು ವರ್ಸದಿಂದ ಗೊತ್ತು” ಅಂದ. ಬಾಯಿಬಿಟ್ಟು ಅಂದದ್ದು ಅದೇ ಮೊದಲು. ತಟ್ಟೆಯನ್ನು ಒಳಗೆ ತರಲಿಕ್ಕೂ ಮನಸ್ಸಾಗದೆ ಅಲ್ಲೇ ಬಿಟ್ಟು ಬಾಗಿಲು ಹಾಕಿಕೊಂಡು ಮಲಗಿದ.

ಬೆಳಿಗ್ಗೆ ಬಾಗಿಲು ತೆಗೆದರೆ ಕಂಚಿನ ತಟ್ಟೆ ಜಗಲಿಯ ಕೆಳಗೆ ಬೋರಲು ಬಿದ್ದಿತ್ತು. ನಾಯಿ ಅಂದುಕೊಂಡು ಬೈಯುತ್ತ ಎತ್ತಿದ. ಮುದ್ದೆ ಒಂದು ಚೂರೂ ಉಳಿದಿರಲಿಲ್ಲ. ತಟ್ಟೆ ಬಿದ್ದಿದ್ದ ಜಾಗದಲ್ಲಿ ಒಂದು ಮುಳ್ಳಿತ್ತು. ಕಪ್ಪು ಬಿಳಿ ಪಟ್ಟೆಯದು, ಗೇಣುದ್ದ. ಚಲುವಮ್ಮನಿಗೆ ಬೈತಲೆ ತೆಗೆಯಲು ಸರಿಯಾಗಿ ಒಪ್ಪುವಂಥದು.

ಮರಿಸಿದ್ದಯ್ಯ ಅದನ್ನು ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕುಸಿದು ಕೂತ. ಸಿಡುಕಿಯ ಪಾಲನ್ನು ಮೂರು ತಿಂಗಳು ತಾನು ತಿಂದಿದ್ದ. ಚಲುವಿಯ ಪಾಲನ್ನು ತಿನ್ನಲು ಗುಮ್ಮ ಗುಡ್ಡದಿಂದ ಇಳಿದು ಬಂದಿದೆ. “ಬದುಕಿದ್ದೀಯೇನ್ಲಾ” ಅಂದ. “ಬದುಕಿದ್ದೀಯೇನ್ಲಾ ಬಡ್ಡೆತ್ತದೆ” ಅಂತ ಇನ್ನೊಂದು ಸಲ ಜೋರಾಗಿ ಅಂದ. ಅಳು ಬಂತು, ಚೆನ್ನಾಗಿ ಅತ್ತ.

ಆಮೇಲೆ ಒಲೆಯಿಂದ ಒಂದು ಇದ್ದಿಲು ಚೂರು ತಂದ. ಪುಸ್ತಕ ಇರಲಿಲ್ಲ, ಗೋಡೆ ಇತ್ತು. ದಿನವೂ ಬರೆಯುತ್ತಿದ್ದ ದುಂಡನೆಯ ಅಕ್ಷರದಲ್ಲಿ ಬರೆದ: ಇಟ್ಟ ಪಾಲು ಎರಡು. ಎರಡೂ ಮುಗಿದಿವೆ.