ದಾರಿ ಬಿಡುವ ಟಗರು

ಲೋಳೆಯ ಒಂದು ಎಳೆ, ಕುರಿಯ ಬಾಲದ ಬುಡದಿಂದ ಇಳಿದು, ಹಲಗೆಯ ಸಂದಿನಿಂದ ತೂರಿದ ಬಿಸಿಲಿನಲ್ಲಿ ಹೊಳೆಯುತ್ತ, ಹುಲ್ಲನ್ನು ಮುಟ್ಟದೆ ತೂಗುತ್ತಿತ್ತು, ಈಗ ಕಡಿದು ಬೀಳುತ್ತದೆ ಎಂದುಕೊಂಡ, ಬೀಳಲಿಲ್ಲ, ಅವನ ಎಡಗೈ ಮೊಣಕೈವರೆಗೂ ಕುರಿಯ ಒಳಗಿದೆ, ಒಳಗಿನ ಬಿಸಿ ಬೆಂಕಿಯ ಬಿಸಿಯಂತಲ್ಲ, ಅದಕ್ಕೆ ಹಿಡಿತವುಂಟು, ಕುರಿ ತಿಣುಕಿದಾಗಲೆಲ್ಲ ಮೂಳೆಯ ಬಳೆ ಅವನ ಮಣಿಕಟ್ಟನ್ನು ಹಲ್ಲಿಲ್ಲದ ಬಾಯಿಯಂತೆ ಕಚ್ಚುತ್ತದೆ, ಎರಡು ಗೊರಸು ಸಿಕ್ಕಿವೆ, ಮುಂಗಾಲುಗಳೇ, ಎರಡೂ ಒಂದೇ ಮರಿಯವು, ಹೆಗಲಿನವರೆಗೆ ಬೆರಳು ಜಾರಿಸಿ ಖಾತ್ರಿ ಮಾಡಿಕೊಂಡಾಯಿತು, ಆದರೆ ತಲೆ ಎಲ್ಲಿ, ತಲೆ ಇರಬೇಕಾದಲ್ಲಿ ಕತ್ತಿನ ಬಾಗು ಮಾತ್ರ ಇದೆ, ಯಾರೋ ಕರೆದರೆಂದು ಹಿಂತಿರುಗಿ ನೋಡಿದವರಂತೆ ಮರಿ ತನ್ನ ಮುಖವನ್ನು ಬೆನ್ನಿನ ಕಡೆ ತಿರುಗಿಸಿಕೊಂಡಿದೆ, ಹೀಗೇ ಎಳೆದರೆ ತಾಯಿ ಒಳಗೇ ಹರಿದುಹೋಗುತ್ತದೆ, ಎಳೆಯದೆ ಬಿಟ್ಟರೆ ಎರಡೂ ಸಾಯುತ್ತವೆ, ಆದ್ದರಿಂದ ಒಳಕ್ಕೆ ತಳ್ಳಬೇಕು, ಹೊರಗೆ ಬರಬೇಕಾದುದನ್ನು ಮೊದಲು ಹಿಂದಕ್ಕೆ ಕಳಿಸಬೇಕು — ಧಡ್ ಎಂದಿತು ಬೆನ್ನ ಹಿಂದೆ, ಟಗರಿನ ದೊಡ್ಡಿಯ ಹಲಗೆ, ಆಮೇಲೆ ಸದ್ದಿಲ್ಲ. ಸದ್ದಿಲ್ಲದ ಆ ಹೊತ್ತಿನಲ್ಲಿ ಏನು ನಡೆಯುತ್ತದೆಂದು ನೋಡದೆಯೇ ಬಲ್ಲ, ತಲೆ ತಗ್ಗಿಸಿ, ಕಣ್ಣು ಕೀಳದೆ, ಒಂದು ಹೆಜ್ಜೆ ಹಿಂದಕ್ಕೆ, ಇನ್ನೊಂದು ಹೆಜ್ಜೆ ಹಿಂದಕ್ಕೆ, ಗೋಡೆ ಬೆನ್ನಿಗೆ ತಾಗುವವರೆಗೆ, ಧಡ್, ಅಗಳಿ ಕುಣಿಯಿತು, ಕುಣಿಯಲಿ, ಅಗಳಿ ಕಬ್ಬಿಣದ್ದು, ಹಳೆಯದಾಗಿರುವುದು ಹಲಗೆ, ಅಕ್ಕನನ್ನು ಕೂಗಲೇ, ಕೂಗಿದರೂ ಕೇಳುವುದಿಲ್ಲ, ಬಿಸಿನೀರು ತರುತ್ತೇನೆಂದು ಮನೆಯೊಳಗೆ ಹೋಗಿದ್ದಾಳೆ, ಕಿವಿ ಮಂದವಾಗಿ ವರ್ಷಗಳಾದವು, ತಾಯಿ ಸತ್ತ ಮೇಲೆ ಅವನನ್ನು ಸಾಕುತ್ತ ಸಾಕುತ್ತ ತನ್ನ ಮದುವೆಯನ್ನೇ ಮರೆತವಳು, ಬೆನ್ನು ಬಾಗಿದರೂ ಮಾತು ಬಾಗದವಳು, ಅವಳ ಬಾಯಲ್ಲಿ ಇದು ಟಗರಲ್ಲ, ದೊರೆ, ನೋಡೋ ಮೂಗಾ ನಮ್ಮ ದೊರೆಯ ನಡತೆನ, ನಾನು ಎದುರಿಗೆ ಬಂದ್ರೆ ಸಾಕು, ಹಿಂದಕ್ಕೆ ಸರಿದು ದಾರಿ ಬಿಡ್ತಾನೆ, ನೀನು ಈ ಜನ್ಮದಲ್ಲಿ ನಂಗೆ ದಾರಿ ಬಿಟ್ಟಿದ್ದೀಯಾ. ಮೂಗ ಎಂಬುದು ಅವಳೇ ಇಟ್ಟ ಹೆಸರು, ಅವನಿಗೆ ಮಾತು ಬರುತ್ತದೆ, ಆಡುವುದಿಲ್ಲ, ಅಷ್ಟೆ. ಹಲಗೆಯ ಈಚೆ ನಿಂತು ಅಂಗೈಯಿಂದ ಟಗರಿನ ಹಣೆ ತಳ್ಳುತ್ತಾಳೆ, ಅದು ಹಿಂದಕ್ಕೆ ಸರಿಯುತ್ತದೆ, ಅವಳು ನಕ್ಕು ಬೆನ್ನು ತಿರುಗಿಸುತ್ತಾಳೆ, ತಿರುಗಿಸಿದ ಮೇಲೆ ಹಲಗೆಗೆ ಬೀಳುವ ಪೆಟ್ಟು ಆ ಕಿವಿಗೆ ಮುಟ್ಟುವುದಿಲ್ಲ. ಬೇಡಕ್ಕಾ, ಹಣೆ ಮುಟ್ಟಬೇಡ, ಅದಕ್ಕೆ ಅದು ಸವಾಲು ಅಂತ ಎಷ್ಟು ಸಲ ಹೇಳಿದ, ಸವಾಲೂ ಇಲ್ಲ ಮಣ್ಣೂ ಇಲ್ಲ, ನಾನು ಸಾಕಿದ ಮಗು ಅದು, ನಿಂಗೆ ಹೊಟ್ಟೆಕಿಚ್ಚು. ಇರಲಿ, ಈಗ ಕೈಯಲ್ಲಿರುವುದು ಈ ಕತ್ತು, ಬೆರಳನ್ನು ಕತ್ತಿನ ಗುಂಟ ಹರಿಸಿದ, ಕಿವಿ, ಕೆನ್ನೆ, ತುಟಿಯ ಮೂಲೆ, ಕೆಳದವಡೆಗೆ ಬೆರಳನ್ನು ಕೊಕ್ಕೆಯಂತೆ ಹಾಕಿದ, ಆಗ ಆ ಕತ್ತಲೆಯೊಳಗೆ ಒಂದು ಪುಟ್ಟ ಬಾಯಿ ಅವನ ಬೆರಳನ್ನು ಚೀಪಿತು, ಬದುಕಿದೆ, ಚೀಪುತ್ತಿದೆ, ಬಾ, ಇತ್ತ ತಿರುಗು, ಬಾ — ಹಲಗೆ ಸೀಳಿದ ಸದ್ದು, ಗೊರಸು ಕಲ್ಲುಹಾಸಿಗೆ ತಗುಲಿದ ಸದ್ದು, ಆಮೇಲೆ ಸದ್ದಿಲ್ಲ, ಈ ಸಲ ಸದ್ದಿಲ್ಲದ ಹೊತ್ತು ಉದ್ದ, ಅದು ಉದ್ದವಾದಷ್ಟೂ ಓಟ ಉದ್ದ ಎಂಬ ಲೆಕ್ಕ ಮುಗಿಯುವಷ್ಟರಲ್ಲಿ,

ಪಕ್ಕೆಲುಬು ಮುರಿದದ್ದು ಕಿವಿಗೆ ಕೇಳಲಿಲ್ಲ, ಬಾಯಿಗೆ ಬಂತು, ಕಬ್ಬಿಣದ ರುಚಿ, ಮುಖ ಕುರಿಯ ತೊಡೆಯ ಉಣ್ಣೆಯಲ್ಲಿ ಹೂತುಹೋಗಿದೆ, ಉಸಿರು ಒಳಗೆ ಬರುವ ಬಾಗಿಲಲ್ಲೇ ನಿಂತಿದೆ, ಕುರಿ ಬೆದರಿ ಎದ್ದಿತು, ಕೈ ಒಳಗೇ ಇರುವ ಅವನನ್ನೂ ಎಳೆದುಕೊಂಡು ಗೋಡೆಗೆ ಬಿತ್ತು, ಬಿದ್ದದ್ದು ಒಳ್ಳೆಯದೇ ಆಯಿತು, ಮೂಲೆ, ಒಂದು ಕಡೆ ಗೋಡೆ, ಒಂದು ಕಡೆ ಕುರಿ, ಎದುರಿಗೆ ಕಂಬ, ಕೊಟ್ಟಿಗೆಯ ನಡುವಿನ ಓಣಿಯಿಂದ ಇಲ್ಲಿಗೆ ನೇರ ಗೆರೆ ಎಳೆಯಲಾಗದು, ನೇರ ಗೆರೆಯಿಲ್ಲದೆ ಓಟವಿಲ್ಲ, ಓಟವಿಲ್ಲದೆ ಪೆಟ್ಟಿಲ್ಲ, ಟಗರಿಗೆ ದೂರವೇ ಆಯುಧ, ಹತ್ತಿರ ಸಿಕ್ಕರೆ ಅದು ಬರಿಯ ಕುರಿ. ಹೊಸ ಟಗರನ್ನು ಹಳೆಯದರ ಜೊತೆ ಕೂಡಿಸುವಾಗ ಅದಕ್ಕೇ ಇಕ್ಕಟ್ಟಿನಲ್ಲಿ ಕೂಡಿಸುತ್ತಾರೆ, ಹೆಗಲಿಗೆ ಹೆಗಲು ಉಜ್ಜಿ, ಒಂದರ ವಾಸನೆ ಇನ್ನೊಂದಕ್ಕೆ ಹತ್ತಿ, ಕೋಪ ಹಳಸುವವರೆಗೆ ಹಿಂದಕ್ಕೆ ಹೆಜ್ಜೆಯಿಡಲು ಜಾಗ ಕೊಡಬಾರದು, ಈ ದೊರೆಯನ್ನೂ ಕೊಟ್ಟಿಗೆಯ ಹಳೆಯ ಟಗರಿನ ಜೊತೆ ಹಾಗೆಯೇ ಕೂಡಿಸಿದ್ದ, ಅಕ್ಕ ಬಂದು ನೋಡಿದಳು, ಅಯ್ಯೋ ನನ್ನ ದೊರೆಗೆ ಉಸಿರಾಡೋಕೂ ಜಾಗ ಇಲ್ಲವಲ್ಲೋ, ಕಟುಕರ ಹಾಗೆ ತುರುಕಿದ್ದೀಯಲ್ಲ, ಎಂದು ಅಡ್ಡಹಲಗೆ ಎತ್ತಿಟ್ಟಳು, ಅವನು ಅಂಗಳದ ಆ ತುದಿಯಲ್ಲಿ ಮೇವಿನ ಹೊರೆ ಹೊತ್ತು ನಿಂತಿದ್ದ, ಎರಡೂ ಹಿಂದಕ್ಕೆ ಸರಿದದ್ದನ್ನು ಕಂಡ, ಹೊರೆ ಬಿಸಾಡಿ ಓಡಿದ, ಆ ಸದ್ದು, ದಪ್ಪ ಮರದ ಮೇಲೆ ಕೊಡಲಿಯ ಹಿಂಬದಿ ಬಡಿದಂತೆ, ಒಂದೇ ಸದ್ದು, ಹಳೆಯ ಟಗರು ನಿಂತೇ ಇತ್ತು, ಕತ್ತು ಮಾತ್ರ ತಪ್ಪು ಕಡೆ ನೋಡುತ್ತಿತ್ತು, ಮೂಗಿನಿಂದ ರಕ್ತ ಎರಡು ದಾರವಾಗಿ ಇಳಿಯಿತು, ಆಮೇಲೆ ಮೊಣಕಾಲೂರಿತು. ವಯಸ್ಸಾಗಿತ್ತು ಕಣೋ ಅದಕ್ಕೆ, ಹೋಗೋ ಕಾಲ ಬಂದಿತ್ತು, ನಮ್ಮ ದೊರೆ ಬರೀ ಮುಟ್ಟಿದ್ದಷ್ಟೆ, ಅಂದಳು ಅಕ್ಕ. ಕಟುಕ ಸತ್ತ ಟಗರಿನ ತೊಗಲಿಗೆ ಬಂದವನು ಬದುಕಿದ್ದನ್ನು ಬಹಳ ಹೊತ್ತು ನೋಡಿದ, ಅಜ್ಜೀ, ಬಾಟಲಿ ಹಾಲು ಕುಡಿದು ಬೆಳೆದ ಗಂಡು ಇದು, ಇದಕ್ಕೆ ಮನುಷ್ಯ ಅಂದ್ರೆ ಭಯ ಇಲ್ಲ, ನಮ್ಮನ್ನೂ ಟಗರು ಅಂತ್ಲೇ ತಿಳೀತದೆ, ನಂಗೆ ಕೊಟ್ಟುಬಿಡಿ, ಚೆನ್ನಾಗಿ ನೋಡ್ಕೋತೀನಿ, ನೀನು ನೋಡ್ಕೊಳ್ಳೋದು ತಕ್ಕಡೀಲಿ ಅಂತ ಗೊತ್ತು ನಡಿಯಯ್ಯ, ಅಂದಳು ಅಕ್ಕ, ಕಟುಕ ನಕ್ಕ, ಅವನೂ ನಕ್ಕ, ನಗಬಾರದಿತ್ತು — ಧಡ್, ಕಂಬಕ್ಕೆ ಬಿತ್ತು ಪೆಟ್ಟು, ಮಾಡಿನಿಂದ ಧೂಳು ಸುರಿಯಿತು, ಕಣ್ಣಿಗೆ ಬಿದ್ದ ಧೂಳನ್ನು ಒರೆಸಲು ಕೈಯಿಲ್ಲ, ಒಂದು ಕೈ ಒಳಗೆ, ಒಂದು ಕೈ ಮೈ ಕೆಳಗೆ, ಒಳಗೆ ಆ ಬಾಯಿ ಇನ್ನೂ ಚೀಪುತ್ತಿದೆ, ಇದೂ ಆ ಟಗರಿನದೇ ಮರಿ, ಈ ಸಲ ಹುಟ್ಟಿದವೆಲ್ಲ ಅದರವೇ, ಅಗಲ ಬೆನ್ನು, ನೆಟ್ಟಗಿನ ಕಾಲು, ಅಂಥ ಬೀಜ ಈ ಕೊಟ್ಟಿಗೆಗೆ ಹಿಂದೆ ಬಂದಿರಲಿಲ್ಲ, ಅದು ನಿಜ, ಆ ಟಗರಿನ ತಾಯಿ ಹೆರಲಾರದೆ ಕಣ್ಣು ಮೇಲೆ ಮಾಡಿದಾಗ ಅವನೇ ಅದರ ಕತ್ತು ಕೊಯ್ದ, ರಕ್ತ ನಿಲ್ಲುವ ಮೊದಲೇ ಹೊಟ್ಟೆ ಸೀಳಿ, ಹಬೆಯ ನಡುವಿನಿಂದ ಟಗರುಮರಿಯನ್ನು ಹಿಂಗಾಲು ಹಿಡಿದು ಎತ್ತಿದ, ಸತ್ತಿತೆಂದು ಗೋಡೆಯ ಕಡೆ ಬಿಸಾಡಹೊರಟವನ ಕೈಯಿಂದ ಅಕ್ಕ ಕಿತ್ತುಕೊಂಡಳು, ಬಾಯಿಗೆ ಬಾಯಿಟ್ಟು ಊದಿದಳು, ತನ್ನ ಶಾಲಿನಲ್ಲಿ ಸುತ್ತಿ ಒಲೆಯ ಪಕ್ಕ ಮಲಗಿಸಿದಳು, ಬೀಜ ಒಡೆಯುವ ಇಕ್ಕಳ ಹಿಡಿದು ಅವನು ಹೋದ ದಿನ ಬಾಗಿಲಿಗೆ ಅಡ್ಡ ನಿಂತಳು, ಅವನ ಬೀಜಕ್ಕೆ ಕೈ ಹಾಕಿದ್ಯೋ, ಆ ಕೈ ಮುರೀತೀನಿ, ಇಕ್ಕಳವನ್ನು ಗೂಟಕ್ಕೆ ತೂಗುಹಾಕಿದ, ಮರಿಯ ಬೆನ್ನು ನೋಡಿದ, ಬೆನ್ನು ಅಗಲವಾಗಿತ್ತು.

ಬಕೆಟ್ಟಿನ ಹಿಡಿಯ ಕಿರುಗುಟ್ಟುವಿಕೆ, ಓಣಿಯ ಆ ತುದಿ, ಬಾಗಿಲಿನ ಬೆಳಕಿನಲ್ಲಿ ಬಾಗಿದ ಆಕಾರ, ಬಿಸಿನೀರಿನ ಹಬೆ ಅವಳ ಮುಖದ ಮುಂದೆ, ಏನೋ ಮೂಗಾ, ಮರಿ ಬಂತೇನೋ, ಕೇಳಿದ್ರೆ ಓಗೊಡೋಕೆ ಏನು ಧಾಡಿ ನಿಂಗೆ. ಹೋಗಕ್ಕಾ ಎಂದ, ಎಂದೆನೆಂದುಕೊಂಡ, ತುಟಿಯ ಮೇಲೆ ಗುಳ್ಳೆ ಮೂಡಿ ಒಡೆಯಿತು, ಕುರಿಯ ತಿಣುಕಾಟ ಅವನ ಸ್ವರಕ್ಕಿಂತ ಜೋರು, ಟಗರು ಅವಳ ಕಡೆ ತಿರುಗಿತು, ಈಗ ಅವನಿಗೆ ಕಾಣುವುದು ಅದರ ಹಿಂಭಾಗ, ಕೊಬ್ಬಿದ ತೊಡೆ, ಅವನು ಒಡೆಯದೆ ಬಿಟ್ಟ ಬೀಜಗಳ ಚೀಲ. ಅಯ್ಯೋ ನನ್ನಪ್ಪ, ಹೊರಗೆ ಬಂದುಬಿಟ್ಯಾ, ಆ ಮೂಗ ಅಗಳಿ ಹಾಕೋದೂ ಮರೆತ್ನಾ, ಬಕೆಟ್ಟು ಕೆಳಗಿಟ್ಟಳು, ಸೆರಗಿನಲ್ಲಿ ಕೈ ಒರೆಸಿಕೊಂಡಳು, ಬಂದಳು, ಓಣಿಯ ನಟ್ಟನಡುವೆ, ನೇರ ಗೆರೆಯ ಮೇಲೆ, ಅಂಗೈ ಮುಂದೆ ಚಾಚಿಕೊಂಡು, ಆ ಅಂಗೈ ಅವನಿಗೆ ಗೊತ್ತು, ಚಿಕ್ಕಂದಿನಲ್ಲಿ ಅವನು ಸಿಟ್ಟಿನಿಂದ ಮೇಲೆ ಬಿದ್ದಾಗಲೆಲ್ಲ ಅದನ್ನೇ ಅವನ ಹಣೆಗೆ ಒತ್ತಿ ತಡೆದು ನಿಲ್ಲಿಸುತ್ತಿದ್ದಳು, ಅವನ ಮುಷ್ಟಿಗಳು ಗಾಳಿಯನ್ನು ಗುದ್ದುತ್ತಿದ್ದವು, ಅವಳಿಗೆ ಎಟುಕುತ್ತಿರಲಿಲ್ಲ, ಅವಳು ನಗುತ್ತಿದ್ದಳು, ಗುದ್ದೋ, ಗುದ್ದೋ ನನ್ನ ಪೈಲ್ವಾನ, ಒಂದು ದಿನ ಅವನು ಗುದ್ದುವುದನ್ನು ನಿಲ್ಲಿಸಿದ, ಒಂದು ಹೆಜ್ಜೆ ಹಿಂದಕ್ಕೆ ಸರಿದ, ಇನ್ನೊಂದು, ಸೋತೆಯಾ ಎಂದು ಅವಳು ಕೈ ಇಳಿಸಿದಳು, ಆಮೇಲೆ ಅವಳು ಹೊಸಿಲ ಮೇಲೆ ಬಾಯಿ ಹಿಡಿದು ಕೂತಿದ್ದಳು, ಬೆರಳ ಸಂದಿಯಿಂದ ಕೆಂಪು, ಮುಂದಿನ ಹಲ್ಲು ನೆಲದ ಮೇಲೆ ಬೆಳ್ಳಗೆ, ಕಾಲು ಜಾರಿ ಬಿದ್ದೆನಪ್ಪಾ ಅಂದಳು ಅಪ್ಪನಿಗೆ, ಇಂದಿಗೂ ಹಾಗೆಯೇ ಅನ್ನುತ್ತಾಳೆ, ತನಗೇ ಹೇಳಿಕೊಂಡು ತಾನೇ ನಂಬಿದ್ದಾಳೆ. ಅಂಗೈ ಟಗರಿನ ಹಣೆಯ ಮೇಲೆ ಕೂತಿತು, ಹಾಗೆಯೇ ಇರಕ್ಕಾ, ಬಿಡಬೇಡ, ಅಪ್ಪಿಕೋ, ಕೊಂಬು ಹಿಡಿದು ಅದರ ಮೈಗೆ ಅಂಟಿಕೋ, ಹತ್ತಿರವಿದ್ದಷ್ಟು ಹೊತ್ತು ನೀನು ಬದುಕಿರುತ್ತೀ, ಅವಳು ತಳ್ಳಿದಳು, ಆಟವಾ, ಆಟ ಬೇಕಾ ನಿಂಗೆ, ಟಗರು ಒಂದು ಹೆಜ್ಜೆ ಹಿಂದಕ್ಕೆ ಬಂತು. ಹಿಂದಕ್ಕೆ ಎಂದರೆ ಅವನ ಕಡೆಗೆ. ನೋಡೋ ಮೂಗಾ, ದಾರಿ ಬಿಡ್ತಾ ಇದ್ದಾನೆ, ಇನ್ನೊಂದು ಹೆಜ್ಜೆ, ಹಿಂಗಾಲಿನ ಗೊರಸು ಅವನು ಬಿದ್ದಿದ್ದ ಹುಲ್ಲಿಗೆ ತಾಗಿತು, ಇನ್ನೊಂದು ಹೆಜ್ಜೆ, ಬೆನ್ನಿಗೆ ಕಂಬ ತಾಗುತ್ತಲೇ ಹೊರಡುತ್ತದೆ, ಹೊಕ್ಕುಳಬಳ್ಳಿ ಕತ್ತರಿಸುವ ಸಣ್ಣ ಚಾಕು ಹುಲ್ಲಿನಲ್ಲಿ ಬಲಗೈಗೆ ಸಿಕ್ಕಿದೆ, ಕಾಲು ಹಿಡಿಯಲು ಎಡಗೈಯೇ ಬೇಕು, ಎಡಗೈ ಒಳಗಿದೆ, ತಲೆ ಈಗಷ್ಟೇ ಇತ್ತ ತಿರುಗಿದೆ, ಚೀಪುತ್ತಿದ್ದ ಬಾಯಿಯಿಂದ ಬೆರಳನ್ನು ಕಿತ್ತುಕೊಂಡ, ಕೈ ಎಳೆದುಕೊಂಡ, ಟಗರಿನ ಹಿಂಗಾಲಿಗೆ ಹಾಕಿದ, ಜಾರಿತು, ಬಸಿರಿನ ಲೋಳೆ ಮೆತ್ತಿದ ಕೈ, ಯಾವುದೂ ನಿಲ್ಲದು ಅದರಲ್ಲಿ, ಮೊಣಕೈ ಮಡಚಿ ಕಾಲನ್ನು ಸುತ್ತಿ ಮುರಿದ ಪಕ್ಕೆಗೇ ಅವುಚಿಕೊಂಡ, ಕಣ್ಣಿನ ಮುಂದೆ ಬಿಳಿ, ಬರಿಯ ಬಿಳಿ, ಮಂಡಿಯ ಮೇಲಣ ನರ ಬಿಗಿದ ಹಗ್ಗದಂತೆ ನಿಂತಿತ್ತು, ಅಲಗು ಇಟ್ಟು ಎಳೆದ, ಎಳೆದ, ಒಂದು ಎಳೆ, ಇನ್ನೊಂದು ಎಳೆ, ಟಪ್ ಎಂದಿತು, ನರ ತೊಗಲಿನೊಳಗೆ ಮೇಲಕ್ಕೆ ಓಡಿಹೋದದ್ದು ಕಂಡಿತು.

ಟಗರು ಕೂಗಲಿಲ್ಲ, ನೋವಿಗೆ ಕೂಗುವ ಜಾತಿಯಲ್ಲ ಅದು, ಕೂಗಿದವಳು ಅಕ್ಕ, ಏನು ಮಾಡಿದೆಯೋ ಪಾಪೀ, ಏನು ಮಾಡಿದೆ, ದಾರಿ ಬಿಡ್ತಾ ಇದ್ದನಲ್ಲೋ, ತನ್ನ ಪಾಡಿಗೆ ನಂಗೆ ದಾರಿ ಬಿಡ್ತಾ ಇದ್ದನಲ್ಲೋ, ಅವಳ ತೆರೆದ ಬಾಯಲ್ಲಿ ಆ ಹಲ್ಲಿನ ಜಾಗ, ಕಪ್ಪಗೆ, ಒಂದು ಬಾಗಿಲಿನಂತೆ, ಬಾಯಿ ಬಿಡೋ ಮೂಗಾ, ಯಾಕೆ ಮಾಡಿದೆ ಹೇಳು, ಒಂದು ಮಾತು ಹೇಳು, ದಾರಿಯಲ್ಲ ಅಕ್ಕಾ, ಓಟ, ಓಟ, ಎಂಬ ಮಾತು ಎದೆಯಿಂದ ಹೊರಟಿತು, ಗಂಟಲಲ್ಲಿ ರಕ್ತದ ಜೊತೆ ಸೇರಿಹೋಯಿತು, ಪಕ್ಕದಲ್ಲಿ ಕುರಿ ಕೊನೆಯ ಸಲ ತಿಣುಕಿತು, ಒದ್ದೆ ಭಾರವೊಂದು ಹುಲ್ಲಿನ ಮೇಲೆ ಜಾರಿತು, ಒಂದು ಸೀನು, ತಲೆ ಒದರಿದ ಸದ್ದು, ತಾಯಿ ಎದ್ದು ನೆಕ್ಕತೊಡಗಿತು, ಅದಕ್ಕೆ ಇವರಿಬ್ಬರ ಗೊಡವೆ ಬೇಕಿಲ್ಲ, ಅಕ್ಕ ಇತ್ತ ನೋಡಲಿಲ್ಲ, ಮರಿಯನ್ನೂ ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ, ಟಗರಿನ ಎದುರು ಮೊಣಕಾಲೂರಿ ಕೂತಿದ್ದಾಳೆ, ಅಂಗೈ ಅದರ ಹಣೆಯ ಮೇಲೆ, ಟಗರು ತಲೆ ತಗ್ಗಿಸಿತು, ಅವಳ ಮೇಲಿಂದ ಕಣ್ಣು ಕೀಳಲಿಲ್ಲ, ಒಂದು ಹೆಜ್ಜೆ ಹಿಂದಕ್ಕೆ, ಕಾಲು ಮಡಿಯಿತು, ಕೆಂಪಾದ ಹುಲ್ಲಿನ ಮೇಲೆ ಕುಸಿಯಿತು, ಎದ್ದಿತು, ತಲೆ ತಗ್ಗಿಸಿತು, ನೋಡೋ, ಕಣ್ಣು ಬಿಟ್ಟು ನೋಡೋ, ಇಷ್ಟು ಮಾಡಿದ ಮೇಲೂ ದಾರಿ ಬಿಡ್ತಾ ಇದ್ದಾನೆ, ಅವನು ನೋಡಿದ, ನಿಲ್ಲದ ಕಾಲಿನ ಮೇಲೆ ಒಂದು ಹೆಜ್ಜೆ ಹಿಂದಕ್ಕೆ, ಕುಸಿಯಿತು, ಎದ್ದಿತು, ತಲೆ ತಗ್ಗಿಸಿತು, ಒಂದು ಹೆಜ್ಜೆ ಹಿಂದಕ್ಕೆ