ಹನ್ನೆರಡರ ಮೇಲೆ ಹದಿನಾಲ್ಕು

"ಓರೆ ಮಾಡು ಪುಟ್ಟಿ, ನಿನ್ನ ಕಡೆ ಎತ್ತು. ಇನ್ನೂ ಸ್ವಲ್ಪ."

ಮೇಜಿನ ಎರಡು ಕಾಲು ಮುಂದಿನ ಕೋಣೆಯಲ್ಲಿ, ಎರಡು ಕಾಲು ಒಳಗಿನ ಕೋಣೆಯಲ್ಲಿ. ಬಾಗಿಲಲ್ಲಿ ಅದು ಸಿಕ್ಕಿಕೊಂಡು ಹತ್ತು ನಿಮಿಷವಾಗಿತ್ತು. ಆ ತುದಿಯಲ್ಲಿ ಸೋದರಮಾವ, ಈ ತುದಿಯಲ್ಲಿ ಅವಳು. ನಲವತ್ತೊಂದು ತುಂಬಿದರೂ ಮಾವನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಆಸ್ಪತ್ರೆಯಿಂದ ಅಮ್ಮನನ್ನು ತರುವ ಗಾಡಿ ಹನ್ನೊಂದಕ್ಕೆ ಬರುವುದಿತ್ತು. ಅಷ್ಟರೊಳಗೆ ಮುಂದಿನ ಕೋಣೆಯಲ್ಲಿ ಒಬ್ಬರು ಮಲಗುವಷ್ಟು ಜಾಗ ಆಗಬೇಕಿತ್ತು. ಹನ್ನೆರಡು ವರ್ಷದಿಂದ ಆ ಜಾಗದಲ್ಲಿ ಈ ಮೇಜಿತ್ತು, ಮೇಜಿನ ಮೇಲೆ ಕಂಪ್ಯೂಟರಿತ್ತು, ಕಂಪ್ಯೂಟರಿನ ಮುಂದೆ ಅಮ್ಮ ಇದ್ದಳು.

"ನಿಲ್ಲಿ ಮಾವ, ಚೌಕಟ್ಟಿಗೆ ಉಜ್ಜುತ್ತಿದೆ."

"ಉಜ್ಜಿದರೆ ಉಜ್ಜಲಿ ಬಿಡು. ಬಣ್ಣ ಹೊಡೆಸಿ ಯಾವ ಕಾಲವಾಯ್ತೋ."

"ಬಣ್ಣ ಅಲ್ಲ. ಅಪ್ಪನ ಗೆರೆ."

ಮಾವ ಬಗ್ಗಿ ನೋಡಿದರು. ಚೌಕಟ್ಟಿನ ಮೇಲೆ ಕೆಳಗಿನಿಂದ ಮೇಲಕ್ಕೆ ಪೆನ್ಸಿಲ್ ಗೆರೆಗಳು. ಪ್ರತಿ ಹುಟ್ಟುಹಬ್ಬಕ್ಕೂ ಅವಳನ್ನು ಅಲ್ಲಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲಿಟ್ಟು ಅಪ್ಪ ಎಳೆದದ್ದು. 93. 103. 113. ಅಪ್ಪ ಬರೆಯುವ ಮೂರಕ್ಕೆ ದುಂಡು ತಲೆ ಇರುತ್ತಿರಲಿಲ್ಲ. ಚಪ್ಪಟೆ ತಲೆ, ಚೂಪು ಮೂಲೆ. ಮೇಜಿನ ಅಂಚು 103ರ ಬಾಲವನ್ನು ಆಗಲೇ ಅಳಿಸಿತ್ತು.

ಮೇಜನ್ನು ಹಿಂದಕ್ಕೆ ಎಳೆದು, ಮಗುಚಿ, ಕಾಲು ಮೇಲೆ ಮಾಡಿ ಸಾಗಿಸಿದರು. ಅದರ ಮೇಲಿದ್ದ ಗಾಜಿನ ಹಲಗೆಯನ್ನು ಮೊದಲೇ ತೆಗೆದು ಗೋಡೆಗೆ ಒರಗಿಸಿದ್ದರು. ಹಲಗೆಯ ಅಡಿಗೆ ಇಟ್ಟಿದ್ದ ಚೀಟಿಯೊಂದು ನೆಲಕ್ಕೆ ಬಿದ್ದಿತ್ತು. ಅವಳು ಎತ್ತಿಕೊಂಡಳು. ಅಮ್ಮನ ಸಣ್ಣ ಅಕ್ಷರ: "ಹಳೇ ವಿಮಾ ಕಟ್ಟಡ. ಶುಕ್ರವಾರ ಸಂಜೆ ಐದಕ್ಕೆ ಬೀಗ, ಆಮೇಲೆ ಕೆಡವುತ್ತಾರೆ. ಲಿಫ್ಟ್ ಗುಂಡಿಗಳ ಫೋಟೋ: ಪುಟ್ಟಿ."

ಇವತ್ತು ಶುಕ್ರವಾರ.

"ಏನದು?" ಎಂದರು ಮಾವ.

"ಏನಿಲ್ಲ," ಎಂದು ಚೀಟಿಯನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡಳು.

*

ಅಪ್ಪ ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳನ್ನೆಲ್ಲ ಒಳಗಿನಿಂದ ಬಲ್ಲವನು. ರಸ್ತೆಯಲ್ಲಿ ಹೋಗುವಾಗ ಜನ ತಲೆಯೆತ್ತಿ ಕಟ್ಟಡ ನೋಡಿದರೆ, "ಮುಖ ನೋಡಿ ಏನು ಬಂತು, ಹೊಟ್ಟೆ ನೋಡಬೇಕು," ಎನ್ನುತ್ತಿದ್ದ. ಐವತ್ತೆಂಟಕ್ಕೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಎಡಗೈಯ ತೋರುಬೆರಳೊಂದು ಅವನ ಮಾತು ಕೇಳುತ್ತಿತ್ತು. ಆರು ವರ್ಷ ಆ ಬೆರಳಿನೊಂದಿಗೆ ಅಮ್ಮ ಸಂಸಾರ ಮಾಡಿದಳು.

ಹೊತ್ತು ಹೋಗಲೆಂದು ಅವನ ಮಂಚದ ಪಕ್ಕ ಕೂತು ಏನೇನೋ ಓದಿ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಅಂತರ್ಜಾಲದ ವಿಶ್ವಕೋಶದಲ್ಲಿ ಊರಿನ ಎತ್ತರದ ಕಟ್ಟಡಗಳ ಪಟ್ಟಿ ಕಣ್ಣಿಗೆ ಬಿತ್ತು. ಅದನ್ನೇ ಓದಿದಳು. ನಾಲ್ಕನೆಯ ಸಾಲಿಗೆ ಬೆರಳು ಎದ್ದಿತು.

"ಏನ್ರೀ, ನೀರು ಬೇಕಾ?"

ಬೆರಳು ಇಳಿಯಲಿಲ್ಲ.

"ತಪ್ಪಾ ಇದು? ಇಪ್ಪತ್ತಾರು ಮಹಡಿ ಅಲ್ವಾ? ಮತ್ತೆ ಎಷ್ಟು, ಇಪ್ಪತ್ತೈದಾ?"

ಬೆರಳು ಮೆಲ್ಲಗೆ ಹಾಸಿಗೆಯ ಮೇಲೆ ಮಲಗಿತು.

ಆ ಪಟ್ಟಿಯನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಅಮ್ಮನಿಗೆ ಮಾರನೆಯ ದಿನ ತಿಳಿಯಿತು. ತಿದ್ದಿದಳು. ಅರ್ಧ ಗಂಟೆಯಲ್ಲಿ ಯಾರೋ ಅದನ್ನು ಮೊದಲಿನಂತೆ ಮಾಡಿ, ಪಕ್ಕದಲ್ಲಿ ಒಂದೇ ಪದ ಬರೆದಿದ್ದರು: "ಆಧಾರ?" ಔಷಧಿ ಕೊಟ್ಟೆಯಾ, ಊಟ ಆಯಿತಾ ಎಂಬುದನ್ನು ಬಿಟ್ಟು ಬೇರೆ ಪ್ರಶ್ನೆಯನ್ನು ಅಮ್ಮನಿಗೆ ಯಾರಾದರೂ ಕೇಳಿ ತಿಂಗಳುಗಳಾಗಿದ್ದವು. ಅವಳು ಗ್ರಂಥಾಲಯಕ್ಕೆ ಹೋಗಿ ಹಳೆಯ ಪತ್ರಿಕೆಯ ಕಟ್ಟು ಬಿಚ್ಚಿಸಿದಳು. ಇಪ್ಪತ್ತೈದು ಎಂದು ಅಚ್ಚಾಗಿದ್ದ ಪುಟ ಸಿಕ್ಕಿತು.

ಅಲ್ಲಿಂದ ಅದೇ ಕೆಲಸದ ರೀತಿಯಾಯಿತು. ಮೊದಲು ಬೆರಳು, ಆಮೇಲೆ ಕಾಗದ. ಅಪ್ಪ ಹೋದ ಮೇಲೂ ಅಮ್ಮ ಹುಡುಕುತ್ತಲೇ ಇದ್ದಳು. ಪಟ್ಟಿಯಲ್ಲಿ ನಲವತ್ತಮೂರು ಕಟ್ಟಡ. ನಲವತ್ತೆರಡಕ್ಕೆ ಕಾಗದ ಸಿಕ್ಕಿತ್ತು.

*

ಹನ್ನೆರಡರ ಹೊತ್ತಿಗೆ ಮುಂದಿನ ಕೋಣೆ ತುಂಬಿತು. ಅಮ್ಮ ನಡುವೆ ಮಲಗಿದ್ದಳು. ಮೇಜಿನ ನಾಲ್ಕು ಕಾಲು ಊರಿದ್ದ ನಾಲ್ಕು ಕಲೆ ಅವಳ ಸುತ್ತ ಕಾಣುತ್ತಿತ್ತು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಎಂಟು ಗಂಟೆ ನಿಂತು ಅಭ್ಯಾಸವಾಗಿದ್ದ ಮಗಳು ಈಗಲೂ ಗೋಡೆಗೆ ಒರಗಿ ನಿಂತೇ ಇದ್ದಳು. ಕೂತರೆ ಏಳಲಾಗದು ಎಂಬ ಭಯ.

"ಕೊನೆಕೊನೆಗೆ ನಮ್ಮ ಜೊತೆ ಮಾತೇ ಇರಲಿಲ್ಲ," ಎಂದು ಪಕ್ಕದ ಮನೆಯಾಕೆ ಪಿಸುಗುಟ್ಟಿದಳು. "ಯಾವಾಗ ಬಂದರೂ ಕಂಪ್ಯೂಟರು."

"ಇಸ್ಪೀಟು ಇರಬೇಕು. ನಮ್ಮ ಮನೆಯವರೂ ಹಾಗೇ," ಎಂದಳು ಅತ್ತೆ, ಮಾವನ ಹೆಂಡತಿ.

"ನಾನೆಲ್ಲಿ ಇಸ್ಪೀಟು ಆಡ್ತೀನೇ?"

"ಸಾವಿನ ಮನೇಲಿ ಬೇಡ ಅಂತ ಸುಮ್ಮನಿದ್ದೀನಿ."

ಆಗ ಬಾಗಿಲಲ್ಲಿ ಇಬ್ಬರು ಅಪರಿಚಿತರು ಕಾಣಿಸಿದರು. ಎಪ್ಪತ್ತರ ಆಸುಪಾಸಿನ ಎತ್ತರದ ಮುದುಕ, ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿದ್ದ. ಅವನ ಹಿಂದೆ ಮೂವತ್ತರ ಹೆಂಗಸು, ಮೊಣಕೈಯ ಹತ್ತಿರ ಮೈದಾ ಹಿಟ್ಟು ಹಾಗೇ ಅಂಟಿತ್ತು.

ಮಾವ ಮುಂದೆ ಹೋದರು. "ಬನ್ನಿ. ಯಾರ ಕಡೆಯವರು ತಾವು?"

ಮುದುಕ ಯೋಚಿಸಿದ. "ಪಟ್ಟಿಯ ಕಡೆಯವರು."

"ಯಾವ ಪಟ್ಟಿ?"

"ಎತ್ತರದ ಕಟ್ಟಡಗಳದ್ದು. ನಾವು ನಾಲ್ಕೈದು ಜನ ಸೇರಿ ಅದನ್ನ ನೋಡ್ಕೋತೀವಿ. ಬೆಳಗ್ಗೆ ಮಗಳು ಅಲ್ಲೇ ಸುದ್ದಿ, ವಿಳಾಸ ಹಾಕಿದ್ದರು. ನಾನು ಮೊದಲು ಸರ್ವೇಯರ್ ಆಗಿದ್ದೆ. ಅಲ್ಲಿ ನನ್ನ ಹೆಸರು ತೂಗುಗುಂಡು. ಇವಳು ಬೇಕರಿಯಲ್ಲಿ ಕೆಲಸ ಮಾಡ್ತಾಳೆ. ನಿಮ್ಮ ಅಕ್ಕ ನಮಗೆ ನೆಲಮಹಡಿ."

"ನೆಲಮಹಡಿ?"

"ಅವರೇ ಇಟ್ಟುಕೊಂಡಿದ್ದ ಹೆಸರು. ಮೆಟ್ಟಿಲು ಹತ್ತೋಕೆ ಮಂಡಿ ಬಿಡಲ್ಲ ಅಂತಿದ್ದರು."

ಅತ್ತೆಯ ತುಟಿ ನಗುವಿಗೆ ಅಲುಗಿ ನಿಂತಿತು. ಬೇಕರಿಯವಳು ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. "ಏಳು ವರ್ಷದಿಂದ ದಿನಾ ಮಾತಾಡಿದ್ದೀವಿ. ಮುಖ ನೋಡಿದ್ದು ಇವತ್ತೇ," ಎಂದಳು. ಬೆಳಗ್ಗೆ ನಾಲ್ಕಕ್ಕೆ ಒಲೆ ಹೊತ್ತಿಸಿ, ಬ್ರೆಡ್ ಬೇಯುವಷ್ಟು ಹೊತ್ತು ಪಟ್ಟಿ ನೋಡುತ್ತಿದ್ದಳಂತೆ. "ಆ ಹೊತ್ತಲ್ಲಿ ಎದ್ದಿರುತ್ತಿದ್ದೋರು ಅವರೊಬ್ಬರೇ. ನಿದ್ದೆ ಬರಲ್ವಾ ಅಂತ ಕೇಳಿದರೆ, ಬಂದಿತ್ತು, ಕೂರಿಸಿ ಬಂದೆ ಅನ್ನೋರು."

ಸರ್ವೇಯರ್ ಮಗಳ ಹತ್ತಿರ ಬಂದ. "ಒಂದು ತಪ್ಪು ಒಪ್ಪಿಕೊಳ್ಳಬೇಕು ನಾನು. ಆ ವಿಮಾ ಕಟ್ಟಡದ ಸಾಲು. ಉದ್ಘಾಟನೆಯ ಪುಸ್ತಿಕೆಯಲ್ಲಿ ಇಪ್ಪತ್ತೆರಡು ಮಹಡಿ ಅಂತಿದೆ. ಇವರು ಇಪ್ಪತ್ತೊಂದು ಅಂತ ಬರೆದರು. ಮೂರು ಸಲ ಬರೆದರು, ಮೂರು ಸಲ ನಾನು ಅಳಿಸಿದೆ. ಆಧಾರ ಕೊಡಿ, ಇಲ್ಲದಿದ್ದರೆ ಸುಮ್ಮನಿರಿ ಅಂತ ಸ್ವಲ್ಪ ಒರಟಾಗೇ ಹೇಳಿದೆ. ಅವರು ಬೇರೆ ಯಾವ ಸಾಲಲ್ಲೂ ಹಾಗೆ ಹಟ ಹಿಡಿದೋರಲ್ಲ."

"ಅಪ್ಪ ಹೇಳಿದ್ದು," ಎಂದಳು ಮಗಳು. "ಅಲ್ಲಿ ನೆಲಮಹಡಿಗೇ ಒಂದು ಅಂತ ನಂಬರು. ಆಮೇಲೆ ಹದಿಮೂರು ಅಪಶಕುನ ಅಂತ ಬಿಟ್ಟುಬಿಟ್ಟರಂತೆ. ಹನ್ನೆರಡಾದ ಮೇಲೆ ಹದಿನಾಲ್ಕು."

"ಅಪ್ಪ ಹೇಳಿದ್ದರು ಅಂತ ನಮಗೆ ಬರೀಬಹುದಿತ್ತಲ್ಲ."

"ಅಪ್ಪನಿಗೆ ಮಾತು ಬರ್ತಿರಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ಅವಳಿಗೆ ತ್ರಾಣವಿರಲಿಲ್ಲ. ಎಡಗೈ ತೋರುಬೆರಳನ್ನು ತುಸು ಎತ್ತಿ, ಇಳಿಸಿದಳು. "ಹೀಗೆ," ಎಂದಳು.

*

"ಅವರಿಗೆ ಹೇಳೋಕೆ ನನಗೆ ಮನಸ್ಸಾಗಲಿಲ್ಲ ಪುಟ್ಟಿ," ಎಂದು ಮೂರು ವಾರದ ಹಿಂದೆ ಅಮ್ಮ ಹೇಳಿದ್ದಳು. ಆಗಲೇ ಅವಳಿಗೆ ದಿಂಬಿಲ್ಲದೆ ಕೂರಲಾಗುತ್ತಿರಲಿಲ್ಲ. "ಒಳ್ಳೇ ಜನ. ಆದರೆ ಬೆರಳಿಗೆ ಆಧಾರ ಏನು ಅಂತ ಕೇಳ್ತಾರೆ. ಕೇಳಬೇಕಾದ್ದೇ. ನಾನಾದರೂ ಕೇಳ್ತಿದ್ದೆ."

"ಒಂದು ಮಹಡಿ ಹೆಚ್ಚುಕಮ್ಮಿ ಆದರೆ ಯಾರಿಗೇನಮ್ಮ?"

"ಯಾರಿಗೂ ಏನೂ ಇಲ್ಲ." ಅಮ್ಮ ದಿಂಬನ್ನು ಮೇಲಕ್ಕೆ ಸರಿಸಿಕೊಂಡಳು. "ಆ ಲಿಫ್ಟ್ ಒಳಗಿನ ಗುಂಡಿಗಳದ್ದೊಂದು ಫೋಟೋ ತಂದುಕೊಡ್ತೀಯಾ? ಹನ್ನೆರಡರ ಮೇಲೆ ಹದಿನಾಲ್ಕು ಅಂತ ಕಂಡರೆ ಸಾಕು, ಅವರು ಒಪ್ತಾರೆ."

"ಭಾನುವಾರ ಹೋಗ್ತೀನಿ."

ಮೊದಲ ಭಾನುವಾರ ಎರಡು ವಾರದ ಬಟ್ಟೆ ಒಗೆಯುವುದಿತ್ತು. ಎರಡನೆಯ ಭಾನುವಾರ ಲ್ಯಾಬಿನಲ್ಲಿ ಯಾರೋ ರಜೆ ಹಾಕಿ ಇವಳನ್ನು ಕರೆದರು. ಮೂರನೆಯ ಭಾನುವಾರ ಅವಳು ಸುಮ್ಮನೆ ಮಲಗಿದ್ದಳು. ಎಚ್ಚರವಿತ್ತು, ಗಡಿಯಾರ ಕಾಣುತ್ತಿತ್ತು, ಬಸ್ಸಿನ ನಂಬರೂ ಗೊತ್ತಿತ್ತು. ಒಳಗಿನಿಂದ ಅಮ್ಮ ಒಮ್ಮೆ ಕೆಮ್ಮಿದಳು. ಫೋಟೋದ ಮಾತೆತ್ತಲಿಲ್ಲ. ಆಮೇಲೆ ಎಂದೂ ಎತ್ತಲಿಲ್ಲ.

*

ಚಿತಾಗಾರದ ಗುಮಾಸ್ತ ನಮೂನೆ ತುಂಬುತ್ತಿದ್ದ. "ಉದ್ಯೋಗ?"

"ಮನೆಯಲ್ಲೇ ಇದ್ದಳು," ಎಂದರು ಮಾವ.

ಗುಮಾಸ್ತ ಅದನ್ನೇ ಬರೆದುಕೊಂಡ. ಸರ್ವೇಯರ್ ಏನೋ ಹೇಳಲು ಬಾಯಿ ತೆರೆದ. ಬೇಕರಿಯವಳು ಅವನ ತೋಳು ಹಿಡಿದಳು.

ಎಲ್ಲ ಮುಗಿದು ಹೊರಗೆ ಬಂದಾಗ ಮೂರೂವರೆ. ಚಿತಾಗಾರದ ಚಿಮಣಿಯ ನೆರಳು ಅಂಗಳದಲ್ಲಿ ಉದ್ದಕ್ಕೆ ಬಿದ್ದಿತ್ತು. ಸರ್ವೇಯರ್ ಅಭ್ಯಾಸಬಲದಿಂದ ತಲೆಯೆತ್ತಿ ಅದನ್ನು ಅಳೆದ. "ಮೂವತ್ತು ಮೀಟರ್ ಇರಬಹುದು," ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಆದರೆ ಪಟ್ಟಿಗೆ ಬರಲ್ಲ. ಪಟ್ಟಿಗೆ ಬರಬೇಕಾದರೆ ಒಳಗೆ ಜನ ಇರಬೇಕು." ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು ಚಪ್ಪಲಿ ನೋಡುತ್ತ ನಿಂತ.

"ಪುಟ್ಟಿ, ಗಾಡಿ ಹತ್ತು," ಎಂದರು ಮಾವ. "ಮನೆಗೆ ಜನ ಬರ್ತಾರೆ."

ಅವಳ ಮುಷ್ಟಿಯಲ್ಲಿದ್ದ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಬಿಚ್ಚಿ ಮಾವನ ಕೈಗೆ ಕೊಟ್ಟಳು. "ನಾನು ಇಲ್ಲಿಗೆ ಹೋಗಬೇಕು. ಈಗಲೇ."

ಮಾವ ಕನ್ನಡಕ ಮೇಲೇರಿಸಿ ಓದಿದರು. "ನಿನಗೇನು ತಲೆ ಕೆಟ್ಟಿದೆಯಾ? ತಾಯಿ ಹೋದ ದಿನ ಯಾವುದೋ ಲಿಫ್ಟಿನ ಫೋಟೋ. ಮನೇಲಿ ಮಗಳೇ ಇಲ್ಲ ಅಂದರೆ ಬಂದವರು ಏನಂತಾರೆ?"

"ಮೂರು ವಾರದಿಂದ ಹೋಗ್ತೀನಿ, ಹೋಗ್ತೀನಿ ಅಂದೆ ಮಾವ. ಅವಳು ಇನ್ನೊಂದು ಸಲ ಕೇಳಲೂ ಇಲ್ಲ."

ಮಾವ ಚೀಟಿಯನ್ನು ಇನ್ನೊಮ್ಮೆ ಓದಿದರು. ಅಕ್ಕನ ಅಕ್ಷರದ ಮೇಲೆ ಹೆಬ್ಬೆರಳು ಸವರಿದರು. "ನನಗೂ ಹಾಗೇ," ಎಂದರು ದನಿ ತಗ್ಗಿಸಿ. "ಒಂದು ಸಲ ಮಾತ್ರ ಕೇಳೋಳು. ಹೋಗು. ಬಂದವರಿಗೆ ಏನಾದರೂ ಹೇಳ್ತೀನಿ. ಅತ್ತೆಗೆ ಏನು ಹೇಳೋದು ಅನ್ನೋದೇ ಕಷ್ಟ."

*

ಪಟ್ಟಿಯವರಿಬ್ಬರೂ ಅವಳ ಜೊತೆ ಬಂದರು. ವಿಮಾ ಕಟ್ಟಡದ ಸುತ್ತ ತಗಡಿನ ಬೇಲಿ ಎದ್ದಿತ್ತು. ಗೇಟಿನ ಬಳಿ ಕಾವಲಿನವನು ಬೀಗ ಹಿಡಿದು ಕೂತಿದ್ದ. ಗಂಟೆ ನಾಲ್ಕೂಮುಕ್ಕಾಲು.

"ಗುಂಡಿಗಳ ಫೋಟೋನಾ?" ಅವನು ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. "ಹೋದ ವಾರ ಬರಬೇಕಿತ್ತು ತಾಯಿ. ಗುಂಡಿ, ಹಿತ್ತಾಳೆ, ಕನ್ನಡಿ, ಎಲ್ಲಾ ಸೋಮವಾರ ಕಿತ್ತುಕೊಂಡು ಹೋದರು. ಬಾಗಿಲ ಮೇಲಿನ ನಂಬರೂ ಬಿಡಲಿಲ್ಲ."

ಸೋಮವಾರ. ಅವಳು ಸುಮ್ಮನೆ ಮಲಗಿದ್ದ ಆ ಭಾನುವಾರದ ಮಾರನೆಯ ದಿನ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೆಳಗಿನಿಂದ ಮೊದಲ ಬಾರಿಗೆ ಕೂತದ್ದು. ಅಳು ಬರಲಿಲ್ಲ. ಕಾಲಿನ ನೋವು ಮಾತ್ರ ಒಂದೇ ಸಲಕ್ಕೆ ಬಂತು.

ಬೇಕರಿಯವಳು ಪಕ್ಕದಲ್ಲಿ ಕೂತಳು. ಸರ್ವೇಯರ್ ಕಾವಲಿನವನನ್ನು ಕೇಳಿದ, "ಒಂದೂ ಲಿಫ್ಟ್ ನಡೀತಿಲ್ವಾ?"

"ಸಾಮಾನಿನದ್ದೊಂದು ನಡೀತಿದೆ. ಅದರಲ್ಲಿ ಗುಂಡಿ ಗಿಂಡಿ ಇಲ್ಲ. ಹಿಡಿ ತಿರುಗಿಸಿ ಓಡಿಸೋದು, ಜಾಲರಿ ಬಾಗಿಲು. ಮೇಲೆ ಒಂದು ಸಲ ನೋಡಿಕೊಂಡು ಬರೋಕೆ ನಾನೇ ಹೊರಟಿದ್ದೆ."

"ಕರಕೊಂಡು ಹೋಗು. ಎಣಿಸಿಯಾದರೂ ಬರ್ತೀವಿ."

"ಎಣಿಸಿದರೆ ಆಧಾರ ಆಗಲ್ಲ ಅಂತ ನೀವೇ ಅಲ್ವಾ ಹೇಳೋದು," ಎಂದಳು ಬೇಕರಿಯವಳು.

"ಹೌದು. ಆಗಲ್ಲ," ಎಂದ ಅವನು. "ಆದರೂ ಎಣಿಸೋಣ."

ಜಾಲರಿ ಎಳೆದ ಸದ್ದಿಗೆ ಕಟ್ಟಡವೆಲ್ಲ ಮೊಳಗಿತು. ಲಿಫ್ಟ್ ನಡುಗುತ್ತ ಎದ್ದಿತು. ಜಾಲರಿಯಾಚೆ ಬರಿಯ ಗೋಡೆ ಕೆಳಕ್ಕೆ ಜಾರತೊಡಗಿತು. ಗ್ರೀಸಿನ ವಾಸನೆ. ಅಪ್ಪನ ಅಂಗಿಯ ವಾಸನೆ ಅದು. ಒಂದು ಹೊಸ್ತಿಲು, ಕತ್ತಲು, ಇನ್ನೊಂದು ಹೊಸ್ತಿಲು. ಸರ್ವೇಯರ್ ಮೆಲುದನಿಯಲ್ಲಿ ಎಣಿಸುತ್ತಿದ್ದ.

ಎಂಟೋ ಒಂಬತ್ತೋ ದಾಟುವಾಗ ಬೇಕರಿಯವಳು, "ಗೋಡೆ ಮೇಲೆ ಏನೋ ಬರೆದಿದ್ದಾರೆ," ಎಂದಳು. ಮಗಳು ಮೊಬೈಲಿನ ಟಾರ್ಚ್ ಹಚ್ಚಿದಳು. ಪ್ರತಿ ಹೊಸ್ತಿಲಿನ ಅಡಿಗೂ ಸಿಮೆಂಟಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಅಂಕಿ. ಒಳಗೆ ಇಳಿದು ಕೆಲಸ ಮಾಡುವವರು ತಮ್ಮ ಗುರುತಿಗೆ ಬರೆದುಕೊಂಡದ್ದು. ಹೊರಗೆ ನಿಂತವರ ಕಣ್ಣಿಗೆ ಎಂದೂ ಬೀಳದ ಜಾಗ. 10. 11. 12.

"ನಿಧಾನ," ಎಂದ ಸರ್ವೇಯರ್. ಅವನ ದನಿ ಬದಲಾಗಿತ್ತು. "ಸ್ವಲ್ಪ ನಿಧಾನ ಮಾಡಪ್ಪಾ."

ಕಾವಲಿನವನು ಹಿಡಿಯನ್ನು ಸಡಿಲಿಸಿದ. ಮೇಲಿನ ಕತ್ತಲಿನಿಂದ ಮುಂದಿನ ಹೊಸ್ತಿಲು, ಹೊರಗಿನವರಿಗೆ ಹದಿನಾಲ್ಕು ಎನಿಸಿಕೊಂಡಿದ್ದ ಮಹಡಿಯದ್ದು, ಇಳಿದು ಬಂತು. ಅದರ ಅಡಿಯಲ್ಲಿ, ಜಾಲರಿಯಿಂದ ಒಂದು ಗೇಣು ಆಚೆ, ಕೆಂಪು 13. ಮೂರರ ತಲೆ ಚಪ್ಪಟೆ, ಮೂಲೆ ಚೂಪು.

ಅವಳು ಮೊಬೈಲ್ ಎತ್ತಲಿಲ್ಲ. ಎಡಗೈಯನ್ನು ಜಾಲರಿಯ ಸಂದಿಗೆ ತೂರಿಸಿದಳು. ತೋರುಬೆರಳು ಗೋಡೆಗೆ ತಾಗಿತು.

"ನಿಲ್ಲಿಸು, ನಿಲ್ಲಿಸು! ಕೈ ಇದೆ!" ಎಂದು ಕೂಗಿದ ಸರ್ವೇಯರ್.

ಲಿಫ್ಟ್ ಗಡಗಡನೆ ನಿಂತಿತು. ಹಿಂದಿನಿಂದ ಬೇಕರಿಯವಳ ಮೊಬೈಲ್ ಒಮ್ಮೆ ಬೆಳಗಿತು. ಆ ಬೆಳಕಿನಲ್ಲಿ ಕೆಂಪು ಬಣ್ಣ, ಅದರ ಮೇಲೆ ಒಂದು ಬೆರಳು, ಬೆರಳಿನ ತುದಿಯಲ್ಲಿ ಮೂವತ್ತು ವರ್ಷದ ಧೂಳು.